ತಂತಿಗೆ ಚುಚ್ಚಿಟ್ಟ ಕಾರ್ಡುಗಳು

ಕೇಳುಗರಿಗೆ ನಮಸ್ಕಾರ.

ಕಲಬುರಗಿ, ಬೀದರ, ಯಾದಗಿರಿ ಸೀಮೆಯ ಹಳೆಯ ಮನೆಗಳಲ್ಲಿ, ಗಂಜಿನ, ಅಂದರೆ ಧಾನ್ಯದ ಪೇಟೆಯ, ಅಡತಿ ಅಂಗಡಿಗಳಲ್ಲಿ, ಬಂದ ಕಾಗದಗಳನ್ನು ತಂತಿಗೆ ಚುಚ್ಚಿಡುವ ರೂಢಿ ಇತ್ತು. ಗೇಣಿಗಿಂತ ತುಸು ಉದ್ದದ ಕಬ್ಬಿಣದ ತಂತಿ, ಬುಡದಲ್ಲಿ ಕಾರ್ಡು ಜಾರದಂತೆ ಕಟ್ಟಿಗೆಯ ಬಿಲ್ಲೆ, ಮೇಲೆ ಗೂಟಕ್ಕೆ ತೂಗುಹಾಕಲು ಬಾಗಿಸಿದ ಚೂಪು ತುದಿ. ಓದಿ ಮುಗಿದ ಕಾರ್ಡನ್ನು ನಡುವೆ ಚುಚ್ಚಿ ಕೆಳಗೆ ಸರಿಸಿಬಿಡುವುದು. ಮನೆ ಕೆಡವುವಾಗ, ಅಣ್ಣತಮ್ಮಂದಿರು ಪಾಲಾಗುವಾಗ ಈ ತಂತಿಗಳು ಇಡಿಯಾಗಿ ರದ್ದಿಯವರ ತಕ್ಕಡಿ ಏರುತ್ತವೆ. ಹಳೆಯ ಅಂಚೆ ಕಾರ್ಡು ಕೂಡಿಸಬೇಕೆನ್ನುವವರು ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಚಿತ್ರವಿದ್ದ ಕಾರ್ಡಿಗೆ ಮಾತ್ರ ಬೆಲೆ ಎಂಬ ತಿಳುವಳಿಕೆ ಬಹಳ ಜನರಲ್ಲಿದೆ. ಅದು ಸರಿಯಲ್ಲ. ಮದುವೆ ಮಾತುಕತೆ, ಮಳೆ ಬಂತೋ ಇಲ್ಲವೋ, ತೊಗರಿ ಧಾರಣೆ ಎಷ್ಟು, ಯಾರ ಹೆರಿಗೆ ಆಯಿತು, ಇದೆಲ್ಲ ನಮ್ಮ ಭಾಗದಲ್ಲಿ ಹೋಗಿಬಂದದ್ದು ಚಿತ್ರವಿಲ್ಲದ ಸಾದಾ ಕಾರ್ಡಿನ ಮೇಲೆ. ಅದರ ನಿಜವಾದ ಸಂಪತ್ತು ಬರಹದ ಮಗ್ಗಲು ಮತ್ತು ವಿಳಾಸದ ಮಗ್ಗಲು. ಇನ್ನೊಂದು ಸಂಪತ್ತು, ಅದು ಉಳಿದ ಯಾವ ಕಾರ್ಡುಗಳ ಜೊತೆಗಿತ್ತು ಎಂಬುದು. ಒಂದು ಕಾರ್ಡಿನಲ್ಲಿ ಕೇಳಿದ ಪ್ರಶ್ನೆಗೆ ಮೂರು ಕಾರ್ಡು ಮೇಲೆ ಉತ್ತರ ಸಿಗುತ್ತದೆ.

ಆದ್ದರಿಂದ ತಂತಿ ಸಿಕ್ಕ ಕೂಡಲೇ ಕಾರ್ಡು ಕೀಳಬೇಡಿ. ತಂತಿಯಲ್ಲಿ ಬುಡದ್ದು ಎಲ್ಲಕ್ಕಿಂತ ಹಳೆಯದು, ಮೇಲಿನದು ಕಡೆಗೆ ಬಂದದ್ದು. ಆ ಸಾಲು ಒಮ್ಮೆ ಕೆಟ್ಟರೆ ಮತ್ತೆ ಕೂಡುವುದಿಲ್ಲ. ಮೊದಲು ಇಡೀ ತಂತಿಯ ಫೋಟೋ ತೆಗೆಯಿರಿ. ಬಾಗಿದ ತುದಿಯನ್ನು ಪಕ್ಕಡ ಹಿಡಿದು ನೇರ ಮಾಡಿ. ಕಾರ್ಡಿನ ಮೇಲಿರುವ ತಂತಿಯಷ್ಟನ್ನೇ ನಯವಾದ ಮರಳು ಕಾಗದದಿಂದ ತಿಕ್ಕಿ, ಒಣ ಬಟ್ಟೆಯಿಂದ ಒರೆಸಿ. ತುಕ್ಕು ಹಿಡಿದ ತಂತಿಯ ಮೇಲೆ ಎಳೆದರೆ ತೂತು ಹಿಗ್ಗುತ್ತದೆ, ಕಾಗದ ಸೀಳುತ್ತದೆ. ಆಮೇಲೆ ಎರಡೂ ಹೆಬ್ಬೆರಳನ್ನು ತೂತಿನ ಪಕ್ಕದಲ್ಲೇ ಇಟ್ಟು, ಒಂದೊಂದನ್ನೇ ಮೇಲಕ್ಕೆ ಸರಿಸಿ. ಅಂಚು ಹಿಡಿದು ಎಳೆಯಬೇಡಿ. ಹೊರಬಂದ ಕಾರ್ಡಿನ ಮೂಲೆಯಲ್ಲಿ 2ಬಿ ಪೆನ್ಸಿಲ್‌ನಿಂದ ಹಗುರವಾಗಿ ಅದರ ಸಂಖ್ಯೆ ಬರೆಯಿರಿ. ಬಾಲ್ ಪೆನ್ ಬೇಡ, ಅದರ ಗೀರು ಮತ್ತೊಂದು ಮಗ್ಗಲಿಗೆ ಒತ್ತುತ್ತದೆ.

ಒಂದಕ್ಕೊಂದು ಅಂಟಿದ ಕಾರ್ಡುಗಳಿಗೆ ಹಬೆ ಹಿಡಿಯಬಾರದು. ದೌತಿಯ ಶಾಯಿ ನೀರಿಗೆ ಕರಗುವಂಥದ್ದು, ಒಂದು ನಿಮಿಷದಲ್ಲಿ ಅಕ್ಷರ ಹಬ್ಬಿಬಿಡುತ್ತದೆ. ಎರಡು ಒತ್ತುಕಾಗದದ ನಡುವೆ ಕೆಲವು ದಿನ ಒಣಗಲು ಬಿಟ್ಟು, ತೆಳ್ಳನೆಯ ಬಿದಿರು ಕಡ್ಡಿಯಿಂದ ಮೂಲೆಯಿಂದ ಬಿಡಿಸುತ್ತ ಬನ್ನಿ. ಬಿಡದಿದ್ದರೆ ಹಾಗೆಯೇ ಇರಲಿ. ನಡುವಿನ ತೂತಿಗೆ, ಸುತ್ತಲಿನ ತುಕ್ಕಿನ ಕಲೆಗೆ ಏನೂ ಮಾಡಬೇಡಿ.

ಕೊಳೆ ಎಂದು ಕಂಡದ್ದೆಲ್ಲ ಕೊಳೆಯಲ್ಲ. ನಾಲ್ಕು ಮೂಲೆಗೆ ಹಳದಿ ಕಲೆ ಇದ್ದರೆ ಅದು ಅರಿಶಿಣ, ಶುಭಕಾರ್ಯದ ಸುದ್ದಿ ತಂದ ಕಾರ್ಡು. ಒಂದು ಮೂಲೆ ಹರಿದಿದ್ದರೆ ಸಾವಿನ ಸುದ್ದಿ ಇರಬಹುದು, ಒಕ್ಕಣೆ ಓದಿ ನೋಡಿ. ಅಂಥ ಕಾರ್ಡನ್ನು ಓದಿದ ತಕ್ಷಣ ಹರಿದುಹಾಕುವ ಪದ್ಧತಿ ಇದ್ದುದರಿಂದ ಉಳಿದಿರುವುದು ಬಹಳ ಕಡಿಮೆ. ಮೂಲೆ ಹರಿದ ಕಾರ್ಡನ್ನು ಕೆಟ್ಟದ್ದೆಂದು ಪಕ್ಕಕ್ಕೆ ಸರಿಸುವವರು ತಮಗರಿಯದೆ ಅಪರೂಪದ್ದನ್ನೇ ಕಳೆದುಕೊಳ್ಳುತ್ತಾರೆ.

ಇನ್ನು ಕಾಲ ಗುರುತಿಸುವುದು. ಈ ಕೆಲಸ ನಮ್ಮ ಮೂರು ಜಿಲ್ಲೆಗಳಲ್ಲಿ ಬೇರೆ ಕಡೆಗಿಂತ ಕಷ್ಟ, ಅಷ್ಟೇ ಸ್ವಾರಸ್ಯ. ಭಾರತದಲ್ಲಿ ಅಂಚೆ ಕಾರ್ಡು ಬಂದದ್ದು 1879ರ ಜುಲೈ 1ರಂದು, ಬೆಲೆ ಕಾಲಾಣೆ. ಬ್ರಿಟಿಷ್ ಇಂಡಿಯಾದ ಕಾರ್ಡಿನಲ್ಲಿ ರಾಣಿ ವಿಕ್ಟೋರಿಯಾ, ಆಮೇಲೆ ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್, ಆರನೆಯ ಜಾರ್ಜ್, ಹೀಗೆ ಮುಖ ನೋಡಿ ಕಾಲ ಹೇಳಬಹುದು. ಆದರೆ ನಮ್ಮದು ನಿಜಾಮರ ರಾಜ್ಯ. ಅವರ ಅಂಚೆಯೇ ಬೇರೆ ಇತ್ತು, 1950ರಲ್ಲಿ ಭಾರತದ ಅಂಚೆಯಲ್ಲಿ ಕೂಡಿತು. ಆ ಅಂಚೆಯ ಕಾರ್ಡಿನ ಮೇಲೆ ಅಚ್ಚಾದ ಸ್ಟಾಂಪಿನ ಮುದ್ರೆಗೆ ಬೆಲೆ ಇದ್ದದ್ದು ರಾಜ್ಯದ ಒಳಗೆ ಮಾತ್ರ. ಕಲಬುರಗಿಯ ಮನೆಯೊಂದರಲ್ಲಿ ಎರಡೂ ಬಗೆಯ ಕಾರ್ಡು ಒಂದೇ ತಂತಿಯಲ್ಲಿ ಸಿಕ್ಕರೆ ಗಾಬರಿಯಾಗಬೇಡಿ. ಬೀದರಿನಿಂದ ಬಂದದ್ದು ಒಂದು ಬಗೆ, ಬ್ರಿಟಿಷ್ ಸೀಮೆಯ ಸೊಲ್ಲಾಪುರದಿಂದ ಬಂದದ್ದು ಇನ್ನೊಂದು.

ಬರೆದವರು ಹಾಕಿದ ತಾರೀಖಿನಲ್ಲೇ ಹೆಚ್ಚಿನವರು ಎಡವುವುದು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಫಸಲಿ ವರ್ಷ, ಅಂದರೆ ಬೆಳೆ-ಕಂದಾಯದ ಲೆಕ್ಕದ ವರ್ಷ, ನಡೆಯುತ್ತಿತ್ತು. ಅದು ಆಜೂರ್ ತಿಂಗಳಿನಿಂದ, ಅಂದರೆ ಅಕ್ಟೋಬರ್ ಮೊದಲ ವಾರದಿಂದ ಶುರು. ಆಜೂರ್, ದೈ, ಬಹಮನ್, ಈ ಮೂರು ತಿಂಗಳಾದರೆ ಫಸಲಿ ವರ್ಷಕ್ಕೆ 590 ಕೂಡಿಸಿ. ಇಸ್ಫಂದಾರ್‌ನಿಂದ ಆಬಾನ್‌ವರೆಗೆ 591. ಫಸಲಿ 1357ರ ಆಬಾನ್ ಎಂದು ಕಂಡರೆ ಅದು 1948ರ ಸೆಪ್ಟೆಂಬರ್ ಹೊತ್ತು, ಭಾರತದ ಸೇನೆ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡ ಪೊಲೀಸ್ ಕಾರ್ಯಾಚರಣೆಯ ಕಾಲ. ಅದೇ 1357 ಮುಸ್ಲಿಮರ ಚಾಂದ್ರಮಾನದ ಹಿಜರಿ ಆಗಿದ್ದರೆ 1938ರ ಮಾರ್ಚ್‌ನಿಂದ ಸುಮಾರು ಒಂದು ವರ್ಷ. ಹತ್ತು ವರ್ಷ ಅಂತರ! ಆದ್ದರಿಂದ ಅಂಕಿಯನ್ನಷ್ಟೇ ನೋಡಬೇಡಿ, ತಿಂಗಳ ಹೆಸರು ಓದಿ. ಮೊಹರಂ, ಸಫರ್ ಎಂದಿದ್ದರೆ ಹಿಜರಿ. ಆಜೂರ್, ತೀರ್, ಮೆಹರ್ ಎಂದಿದ್ದರೆ ಫಸಲಿ. ಕನ್ನಡ, ಮರಾಠಿ ಕಾರ್ಡುಗಳಲ್ಲಿ ಶಕವರ್ಷ ಇದ್ದರೆ 78 ಕೂಡಿಸಿ, ಪುಷ್ಯ ಮಾಸದ ನಡುವಿನ ಹೊತ್ತಿನಿಂದ ಫಾಲ್ಗುಣದ ಕೊನೆಯವರೆಗೆ 79. ಸಂವತ್ಸರದ ಹೆಸರಷ್ಟೇ ಇದ್ದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಸರ್ವಧಾರಿ 1948ರಲ್ಲೂ ಬಂತು, 2008ರಲ್ಲೂ ಬಂತು.

ವಿಳಾಸವೂ ಕಾಲ ಹೇಳುತ್ತದೆ. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯ, ಅಲ್ಲಿಂದ 1973ರ ನವೆಂಬರ್ 1ರವರೆಗೆ ಮೈಸೂರು ರಾಜ್ಯ, ಆಮೇಲೆ ಕರ್ನಾಟಕ. ಹೊಸ ಪೈಸೆಯ ಮುದ್ರೆ ಇದ್ದರೆ 1957ರ ಏಪ್ರಿಲ್ ನಂತರದ್ದು. ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಮೈಸೂರು ರಾಜ್ಯ ಎಂದೂ ಇದೆ, 585101 ಎಂದೂ ಇದೆ ಎಂದರೆ ಅದು ಆ ಹದಿನಾಲ್ಕು ತಿಂಗಳ ಆಸುಪಾಸಿನದು. ಆದರೂ ಜನ ಹಳೆಯ ವಿಳಾಸವನ್ನು ವರ್ಷಗಟ್ಟಲೆ ಬಿಡುವುದಿಲ್ಲ, ಹಳೆಯ ಕಾರ್ಡಿಗೆ ಹೆಚ್ಚಿನ ಸ್ಟಾಂಪು ಅಂಟಿಸಿಯೂ ಕಳಿಸುತ್ತಾರೆ. ಕೊನೆಯ ತೀರ್ಮಾನ ಅಂಚೆಯ ಠಸ್ಸೆಯದು. ಮಸುಕಾದ ಠಸ್ಸೆಗೆ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು ಕಾಂಟ್ರಾಸ್ಟ್ ಏರಿಸಿ, ಬಹಳ ಸಲ ಅಂಕಿ ಮೇಲೆದ್ದು ಬರುತ್ತದೆ. ಒಂದು ಮಾತು ಮಾತ್ರ ಮರೆಯಬೇಡಿ: ಸ್ಟಾಂಪಿನ ಆಸೆಗೆ ಕಾರ್ಡು ಕತ್ತರಿಸಬೇಡಿ, ನೀರಲ್ಲಿ ನೆನೆಹಾಕಬೇಡಿ.

ಚಿತ್ರದ ಕಾರ್ಡುಗಳ ಬಗ್ಗೆ ಎರಡು ಮಾತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿಯಿರಿ. ಸಾಲಾಗಿ ಚುಕ್ಕೆ ಕಂಡರೆ ಅಚ್ಚಿನ ಚಿತ್ರ. ಚುಕ್ಕೆಯೇ ಇಲ್ಲದೆ ಬಣ್ಣ ನಯವಾಗಿ ಕರಗಿದ್ದರೆ ಅದು ಅಸಲಿ ಫೋಟೋ ಇರಬಹುದು, ಹಳೆಯದಾದರೆ ಅಂಚಿನ ಕಪ್ಪು ಭಾಗದಲ್ಲಿ ಬೆಳ್ಳಿ ಹೊಳಪು ಕಾಣುತ್ತದೆ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚು ಬಿಟ್ಟಾಗ ಕಾಗದ ನೀಲಿಬಿಳಿಯಾಗಿ ಪ್ರಜ್ವಲಿಸಿದರೆ ಅದು ಸುಮಾರು 1950ರ ಈಚೆಯ ಕಾಗದ, 1910ರದ್ದು ಎಂದು ಮಾರಲು ಬಂದವರನ್ನು ನಂಬಬೇಡಿ. ಬೀದರಿನ ಮಹಮೂದ್ ಗವಾನ್ ಮದರಸಾದ ಚಿತ್ರ ಸಿಕ್ಕರೆ, ಉಳಿದಿರುವ ಒಂದೇ ಮಿನಾರು ಯಾವ ಬದಿಗಿದೆ ಎಂದು ಸ್ಥಳದಲ್ಲಿ ತಾಳೆ ನೋಡಿ, ಕೆಲವು ಸಲ ನೆಗೆಟಿವ್ ತಿರುವುಮುರುವಾಗಿ ಅಚ್ಚಾಗಿರುತ್ತದೆ. ಇದೇ ಮದರಸಾ 1931ರಲ್ಲಿ ನಿಜಾಮರ 12 ಆಣೆಯ ಸ್ಟಾಂಪಿನ ಮೇಲೂ ಬಂದಿದೆ. ಚಿತ್ರದ ಕಾರ್ಡಿನ ಜೊತೆ ಅದನ್ನೂ ಇಡುವುದು ಚೆಂದ.

ಇಡುವ ವಿಚಾರಕ್ಕೆ ಬಂದರೆ, ನಮ್ಮ ಬೇಸಿಗೆಯೇ ಮೊದಲ ವೈರಿ. ರಬ್ಬರ್ ಬ್ಯಾಂಡ್ ಹಾಕಿಟ್ಟರೆ ಏಪ್ರಿಲ್-ಮೇ ಬಿಸಿಲಿಗೆ ಕರಗಿ ಕಾರ್ಡಿಗೆ ಮೆತ್ತಿಕೊಳ್ಳುತ್ತದೆ. ಮಾಳಿಗೆಯ ಕೆಳಗಿನ ಅಟ್ಟ, ಕಬ್ಬಿಣದ ಅಲಮಾರಿಯ ಮೇಲಿನ ಖಾನೆ, ಎರಡೂ ಬೇಡ. ಸೆಖೆ ತಾಳದೆ ಕಾರ್ಡಿನ ಪೆಟ್ಟಿಗೆಯನ್ನು ಕೂಲರ್ ಇರುವ ಕೋಣೆಗೆ ತರುವುದು ಇನ್ನೂ ದೊಡ್ಡ ತಪ್ಪು. ಕೂಲರ್ ಗಾಳಿಯನ್ನು ತಂಪು ಮಾಡುವುದೇ ತೇವ ಬೆರೆಸಿ. ಅದರಿಂದ ಕಾಗದದ ಮೇಲೆ ಕಂದು ಚುಕ್ಕೆ ಏಳುತ್ತವೆ, ಬೂಸ್ಟು ಹಿಡಿಯುತ್ತದೆ. ಗೋಡೆಗೆ ತಾಗದ, ನೆಲದಿಂದ ಮೇಲಿರುವ ನಡುವಿನ ಖಾನೆ ಒಳ್ಳೆಯದು. ಹೊದಿಕೆಗೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ಕೊಳ್ಳಿ. ಪಿವಿಸಿ ಕವರು ವರ್ಷಗಳು ಕಳೆದಂತೆ ಜಿಡ್ಡು ಬಿಟ್ಟು ಶಾಯಿ ಎಬ್ಬಿಸುತ್ತದೆ. ಲ್ಯಾಮಿನೇಶನ್, ಸೆಲ್ಲೊಟೇಪ್, ನಡುವೆ ಸುದ್ದಿಪತ್ರಿಕೆ, ಯಾವುದೂ ಬೇಡ. ಹುಳ ಬಿದ್ದ ಕಟ್ಟು ಬಂದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಕಾರ್ಡಿನ ಮೇಲೆ ನೀರು ಕೂಡುತ್ತದೆ.

ಕೂಡಿಸಿದ್ದನ್ನು ಹಂಚಿಕೊಳ್ಳಬೇಕು, ಏಕೆಂದರೆ ನಮ್ಮ ಭಾಗದ ಒಂದು ತಂತಿಯನ್ನು ಒಬ್ಬರೇ ಓದುವುದು ಕಷ್ಟ. ಅದರಲ್ಲಿ ಕನ್ನಡ ಇರುತ್ತದೆ, ಉರ್ದು ಇರುತ್ತದೆ, ಮೋಡಿ ಎಂಬ ಹಳೆಯ ಕೂಡುಬರಹದ ಲಿಪಿಯ ಮರಾಠಿ ಇರುತ್ತದೆ, ತೆಲುಗು ಇರುತ್ತದೆ. ಮೋಡಿ ಬಲ್ಲವರು ಈಗ ವಿರಳ, ಅವರಿಗೆ ಓದಿಸಿ ಬರೆದಿಟ್ಟುಕೊಳ್ಳುವ ಕೆಲಸ ಮುಂದೆ ಹಾಕುವಂಥದ್ದಲ್ಲ. ಎರಡೂ ಮಗ್ಗಲನ್ನು 600 ಡಿಪಿಐನಲ್ಲಿ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕಪ್ಪುಬಿಳುಪಿನಲ್ಲಿ ಅರಿಶಿಣವೂ ತುಕ್ಕೂ ಒಂದೇ ಆಗಿಬಿಡುತ್ತವೆ. ಮೂಲ ಪ್ರತಿ ಟಿಫ್ ಆಗಿರಲಿ, ಹಂಚಲು ಜೆಪೆಗ್ ಸಾಕು. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅಕ್ಷರ ಕಲಸಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಜೊತೆಗೆ ಯಾವ ಊರಿನ ತಂತಿ, ಅದರಲ್ಲಿ ಎಷ್ಟನೆಯ ಕಾರ್ಡು ಎಂದು ಬರೆಯಿರಿ. ಬದುಕಿರುವವರ ಮನೆಯ ಜಗಳ, ಸಾಲ, ಕಾಯಿಲೆಯ ಮಾತಿದ್ದರೆ ಆ ಮನೆಯವರನ್ನು ಕೇಳದೆ ಬಹಿರಂಗ ಮಾಡಬೇಡಿ.

ಕಾರ್ಡನ್ನೇ ವಿನಿಮಯ ಮಾಡುವುದಾದರೆ ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು ಸ್ಪೀಡ್ ಪೋಸ್ಟ್ ಮಾಡಿ, ಮಳೆಗಾಲವಾದರೆ ಹೊರಗೊಂದು ಪ್ಲಾಸ್ಟಿಕ್ ಕವರು. ಒಂದು ತಂತಿಯ ಕಾರ್ಡುಗಳನ್ನು ಮಾತ್ರ ಒಡೆದು ಹಂಚಬೇಡಿ, ಕೊಟ್ಟರೆ ಇಡಿಯಾಗಿ ಕೊಡಿ. ಹಿಂದೆ ಮುಂದೆ ಎರಡೂ ಸ್ಕ್ಯಾನ್ ಆಗುವವರೆಗೆ ಒಂದು ಕಾರ್ಡೂ ಮನೆಯ ಹೊಸ್ತಿಲು ದಾಟುವುದು ಬೇಡ.

ನಮಸ್ಕಾರ.