ಕಂಪ್ಯೂಟರ್ ನೋಡಿ ಸ್ವಭಾವ ಹೇಳಬಹುದಾ?

[ದೃಶ್ಯ: ಮದುವೆ ಚಪ್ಪರ. ಬಾಳೆಎಲೆಯ ಸಾಲು. ಬಡಿಸುವವರ ಓಡಾಟ.]

ನಮಸ್ಕಾರ. ಹೋದ ತಿಂಗಳು ಶಿರಸಿ ಹತ್ತಿರ ಒಂದು ಮದುವೆ ಊಟಕ್ಕೆ ಕೂತಿದ್ದೆ. ಅಪ್ಪೆಹುಳಿ ಬರುವ ಹೊತ್ತಿಗೆ ನನ್ನ ಎಡಗಡೆಯ ಇಬ್ಬರು ಹುಡುಗರಿಗೆ ವಾದ ಹತ್ತಿತು. ರಾಜಕೀಯ ಅಲ್ಲ, ಅಡಿಕೆ ರೇಟೂ ಅಲ್ಲ. ಮ್ಯಾಕೋ, ವಿಂಡೋಸೋ ಅಂತ.

ಒಬ್ಬ ಬೆಂಗಳೂರಿನ ಕಂಪನಿಯವನು. "ಮ್ಯಾಕ್ ಬಳಸೋರಿಗೆ ಒಂದು ಟೇಸ್ಟ್ ಇರ್ತದೆ" ಎಂದ. ಇನ್ನೊಬ್ಬ "ಟೇಸ್ಟ್ ಎಂತದು, ದುಡ್ಡು ಜಾಸ್ತಿ ಆಗಿದ್ದು" ಎಂದ. ಎದುರು ಸಾಲಿನಲ್ಲಿದ್ದ ಮೂರನೆಯವನು ಸುಮ್ನೆ ಇರಬೇಕಿತ್ತು. "ಲಿನಕ್ಸ್ ಹಾಕ್ಕೊಂಡವ್ರಿಗಂತೂ ಹೆಣ್ಣು ಸಿಗೂದಿಲ್ಲ" ಎಂದ. ಲಿನಕ್ಸ್ ಅಂದರೆ ಮ್ಯಾಕ್, ವಿಂಡೋಸ್ ಥರದ್ದೇ ಇನ್ನೊಂದು ಸಿಸ್ಟಮ್. ನಾನು ಬಳಸುವುದು ಅದೇ, ಹಾಗಾಗಿ ಅದು ನನಗೇ ಹೇಳಿದ್ದು.

ಬಲಗಡೆ ಒಬ್ಬರು ಅಜ್ಜ ತಮ್ಮ ಪಾಡಿಗೆ ಉಣ್ಣುತ್ತಿದ್ದರು. "ಅಜ್ಜಾ, ನಿಮ್ದು ಯಾವ ಫೋನು?" ಎಂದು ಕೇಳಿದೆ. "ಎಂಗೆ ಎಂತಕ್ಕಾ ಅದೆಲ್ಲ? ಅಡಿಕೆ ರೇಟು ಕಂಡ್ರೆ ಆತು" ಎಂದರು. ಅವರ ಕಿಸೆಯಲ್ಲಿದ್ದದ್ದು ಆಂಡ್ರಾಯ್ಡ್. ಆಂಡ್ರಾಯ್ಡ್‌ನ ತಳದಲ್ಲಿರುವುದು ಲಿನಕ್ಸ್ ಕರ್ನಲ್, ಅಂದರೆ ಸಿಸ್ಟಮ್ಮಿನ ತಿರುಳು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆಯಲು ಶುರು ಮಾಡಿದ್ದು ಅದೇ ಕರ್ನಲ್. ಅಂದರೆ ಆ ಪಂಕ್ತಿಯಲ್ಲಿ ಅಜ್ಜನೂ ಲಿನಕ್ಸ್‌ನವರೇ. ಅವರಿಗೆ ಮದುವೆಯಾಗಿ ಐವತ್ತು ವರ್ಷ.

ಹಾಗಾದರೆ ಕಂಪ್ಯೂಟರ್ ನೋಡಿ ಮನುಷ್ಯನ ಸ್ವಭಾವ ಹೇಳಬಹುದಾ? ಇವತ್ತಿನ ವಿಡಿಯೋ ಅದರ ಬಗ್ಗೆ.

[ದೃಶ್ಯ: ಬಿಳಿ ಗೋಡೆ. ಮುಂದೆ ಎರಡು ಖಾಲಿ ಕುರ್ಚಿ.]

ಮೊದಲು ಈ ಮಾತು ಹುಟ್ಟಿದ್ದೆಲ್ಲಿ ನೋಡೋಣ. ಜನರನ್ನು ನೋಡಿ ನೋಡಿ ನಾವೇ ಕಂಡುಕೊಂಡದ್ದು ಅಂತ ಅನಿಸುತ್ತದೆ ಅಲ್ವಾ? ಇದರಲ್ಲಿ ದೊಡ್ಡ ಪಾಲು ಜಾಹೀರಾತಿನದು. 2006ರಿಂದ 2009ರವರೆಗೆ ಆಪಲ್ ಅಮೆರಿಕದ ಟಿವಿಯಲ್ಲಿ ಒಂದು ಸರಣಿ ಹಾಕಿತು. ಒಟ್ಟು 66 ಜಾಹೀರಾತು. ಬಿಳಿ ಹಿನ್ನೆಲೆ, ಇಬ್ಬರೇ ನಟರು. ಜೀನ್ಸ್ ತೊಟ್ಟು ಆರಾಮಾಗಿ ನಿಂತ ಜಸ್ಟಿನ್ ಲಾಂಗ್ "ನಾನು ಮ್ಯಾಕ್" ಎನ್ನುತ್ತಾರೆ. ಸೂಟು ಹಾಕಿದ, ಸದಾ ಏನೋ ಎಡವಟ್ಟಿನಲ್ಲಿರುವ ಜಾನ್ ಹಾಜ್‌ಮನ್ "ನಾನು ಪಿಸಿ" ಎನ್ನುತ್ತಾರೆ. ನಮ್ಮ ಕಂಪ್ಯೂಟರ್ ಹೀಗೆ ಓಡುತ್ತದೆ ಅನ್ನುವ ಬದಲು, ಕೊಂಡವರು ಇಂಥವರು ಅಂತ ತೋರಿಸಿದರು. 2008ರಲ್ಲಿ ಮೈಕ್ರೋಸಾಫ್ಟ್ ಉತ್ತರ ಕೊಟ್ಟಿತು. ನಾನಾ ಕೆಲಸದ ಜನ ಬಂದು "ನಾನೂ ಪಿಸಿ" ಎಂದರು. ಅವರೂ ಅದೇ ಆಟಕ್ಕೆ ಇಳಿದರು.

ಇದರ ಬಾಲ ಇನ್ನೂ ಮಜಾ ಇದೆ. 2020ರ ಕೊನೆಗೆ ಆಪಲ್ ಇಂಟೆಲ್ ಚಿಪ್ ಬಿಟ್ಟು ತನ್ನದೇ ಚಿಪ್ ಹಾಕತೊಡಗಿತು. ಮರುವರ್ಷ ಇಂಟೆಲ್ ಅದೇ ಜಸ್ಟಿನ್ ಲಾಂಗ್ ಅವರನ್ನು ಕರೆಸಿ, ಮ್ಯಾಕ್‌ಗಿಂತ ಪಿಸಿ ವಾಸಿ ಅಂತ ಹೇಳಿಸಿತು! ನಮ್ಮ ಯಕ್ಷಗಾನದಲ್ಲಿ ಇವತ್ತು ರಾಮ ಆದವರು ನಾಳೆ ರಾವಣ ಆಗುತ್ತಾರೆ. ವೇಷ ಕಳಚಿದ ಮೇಲೆ ಅವರನ್ನು ಯಾರೂ ರಾವಣ ಅನ್ನುವುದಿಲ್ಲ. ಕಂಪ್ಯೂಟರ್ ವಿಷಯದಲ್ಲಿ ಮಾತ್ರ ನಾವು ವೇಷವನ್ನೇ ನಂಬಿಬಿಟ್ಟೆವು.

[ದೃಶ್ಯ: ರಟ್ಟಿನ ಕವರಿನಲ್ಲಿ ಹಳೆಯ ಸಿಡಿ. ಹಿಂದೆ ಅಡಿಕೆ ತೋಟ.]

ಈಗ ನನ್ನ ಕತೆ. ಕಾಲೇಜಿನಲ್ಲಿ ನನಗೆ 'ಲಿನಕ್ಸ್ ಭಟ್ಟ' ಅಂತ ಹೆಸರಿತ್ತು. ಹಟಮಾರಿ, ನಾಲ್ಕು ಜನ ಹೋದ ದಾರಿಯಲ್ಲಿ ಹೋಗದವ. ನಾನೂ ಅದನ್ನು ಖುಷಿಯಿಂದ ನಂಬಿದ್ದೆ.

ನಿಜ ಸಂಗತಿ ಬೇರೆ. ಅದು 2008. ಉಬುಂಟು ಅನ್ನುವ ಲಿನಕ್ಸ್ ಬಂದು ನಾಲ್ಕು ವರ್ಷ ಆಗಿತ್ತು. ಅದನ್ನು ತರುವ ಕೆನಾನಿಕಲ್ ಕಂಪನಿ, ಕೇಳಿದವರಿಗೆಲ್ಲ ಜಗತ್ತಿನ ಯಾವ ಮೂಲೆಗಾದರೂ ಪುಕ್ಕಟೆ ಸಿಡಿ ಕಳಿಸುತ್ತಿತ್ತು. ಅಂಚೆ ಖರ್ಚೂ ಅವರದ್ದೇ. ಶಿಪ್‌ಇಟ್ ಅಂತ ಆ ಯೋಜನೆಯ ಹೆಸರು, 2011ರಲ್ಲಿ ನಿಂತಿತು. ನಮ್ಮನೆಯಲ್ಲಿ ಆಗ ಡಯಲ್ ಅಪ್. ಸಿಡಿಯಲ್ಲಿ ಹಿಡಿಸುವುದು 700 ಎಂಬಿ. 56 ಕೆ ಮೋಡೆಮ್ ಒಂದು ಚೂರೂ ನಿಲ್ಲದೆ ಪೂರ್ತಿ ವೇಗದಲ್ಲಿ ಓಡಿದರೂ ಅದಕ್ಕೆ 29 ಗಂಟೆ ಬೇಕು. ಲೆಕ್ಕ ಹಾಕಿ ನೋಡಿ. ನಮ್ಮ ಕಡೆ ಮಳೆಗಾಲದಲ್ಲಿ 29 ಗಂಟೆ ಕರೆಂಟ್ ಇರುವುದೇ ದೊಡ್ಡ ಸುದ್ದಿ.

ಹಾಗಾಗಿ ಪೇಟೆಯ ಸೈಬರ್ ಕೆಫೆಯಲ್ಲಿ ಕೂತು ವಿಳಾಸ ತುಂಬಿಸಿದೆ. ಆರು ವಾರ ಕಳೆದ ಮೇಲೆ ಪೋಸ್ಟ್‌ಮ್ಯಾನ್ ಸಂಕ ದಾಟಿ ಬಂದು ಲಕೋಟೆ ಕೊಟ್ಟರು. "ಪರದೇಶದ್ದು, ಎಂತದಾ ಇದು?" ಎಂದರು. ನನ್ನ ಹೆಸರಿಗೆ ಬಂದ ಮೊದಲ ವಿದೇಶಿ ಟಪಾಲು. ಅಷ್ಟು ದೂರದಿಂದ ಬಂದದ್ದನ್ನು ಹಾಕದೆ ಬಿಡಲಿಕ್ಕಾಗುತ್ತದಾ?

ಹಾಕಿದೆ. ಇಡೀ ಡಿಸ್ಕ್ ಬಳಸಬೇಕಾ ಅಂತ ಕೇಳಿತು. ಹೌದು ಎಂದೆ. ಅಪ್ಪ ಎರಡು ವರ್ಷದಿಂದ ಬರೆದಿಟ್ಟ ತೋಟದ ಲೆಕ್ಕ, ಆಳಿನ ಸಂಬಳ, ಕೊಳೆ ರೋಗಕ್ಕೆ ಬೋರ್ಡೋ ಹೊಡೆಸಿದ ಖರ್ಚು, ಎಲ್ಲ ಹೋಯಿತು. ಅಪ್ಪ ಬೈಯಲಿಲ್ಲ. ಮರುದಿನ ಪೇಟೆಗೆ ಹೋಗಿ ಕೆಂಪು ಬಟ್ಟೆಯ ರಟ್ಟಿನ ಒಂದು ಉದ್ದ ಲೆಕ್ಕದ ಪುಸ್ತಕ ತಂದರು. ಇವತ್ತಿಗೂ ಅದೇ ನಮೂನೆಯ ಪುಸ್ತಕದಲ್ಲೇ ಬರೆಯುತ್ತಾರೆ.

ವಾಪಸ್ ವಿಂಡೋಸ್ ಹಾಕಲು ನನ್ನ ಹತ್ತಿರ ಸಿಡಿ ಇರಲಿಲ್ಲ. ಹಾಗೆ ನಾನು ಲಿನಕ್ಸ್‌ನವನಾದೆ. ಪುಕ್ಕಟೆ ಅಂಚೆ, ನಿಧಾನದ ಇಂಟರ್ನೆಟ್, ಒಂದು ತಪ್ಪು ಒತ್ತು. ಹಟಮಾರಿತನ ಅದರಲ್ಲಿ ಎಲ್ಲಿದೆ?

ಆದರೆ ಆಮೇಲೆ ಆದದ್ದನ್ನೂ ಹೇಳಬೇಕು. ಸೌಂಡ್ ಬರುತ್ತಿರಲಿಲ್ಲ. ಪ್ರಿಂಟರ್ ಮಾತು ಕೇಳುತ್ತಿರಲಿಲ್ಲ. ಸುತ್ತಮುತ್ತ ಕೇಳೋಣ ಅಂದರೆ ಗೊತ್ತಿದ್ದವರು ಯಾರೂ ಇಲ್ಲ. ಎರಡು ವರ್ಷ ಎರರ್ ಮೆಸೇಜ್ ಓದಿ ಓದಿ, ಏನು ಕೆಟ್ಟರೂ ಮೊದಲು ಓದುವ ಅಭ್ಯಾಸ ಬಂತು. ಈಗ ಪಂಪ್‌ಸೆಟ್ ಕೆಟ್ಟರೂ ಅದರ ಮೇಲಿನ ಚೀಟಿ ಓದುತ್ತೇನೆ. ಸ್ವಭಾವ ನೋಡಿ ಜನ ಸಿಸ್ಟಮ್ ಆರಿಸುತ್ತಾರೆ ಎನ್ನುತ್ತೇವಲ್ಲ, ನನ್ನಲ್ಲಿ ಬಾಣ ಹಿಂದಕ್ಕೆ ಹಾರಿತು. ಸಿಸ್ಟಮ್ ಕೂತು ಸ್ವಭಾವ ತಿದ್ದಿತು.

ಇನ್ನೊಂದು ಸಣ್ಣ ಮಾತು. ಘಟ್ಟದ ಮೇಲಿನವರು, ಕರೆಂಟ್ ಹೋದರೂ ಬರೆದದ್ದು ಉಳಿಯಲಿ ಅಂತ ಸಾಲಿಗೊಮ್ಮೆ ಕಂಟ್ರೋಲ್ ಎಸ್ ಒತ್ತುವುದನ್ನು ನೋಡಿದ್ದೀರಾ? ಬೆಂಗಳೂರಿನವರು ನಗುತ್ತಾರೆ, ಎಂಥ ಪುಕ್ಕಲು ಜನ ಅಂತ. ಅದು ಜುಲೈ ತಿಂಗಳು ಕಲಿಸಿದ ಪಾಠ ಮಾರಾಯ್ರೆ. ಮ್ಯಾಕ್ ಕೊಟ್ಟರೂ ಒತ್ತುತ್ತಾರೆ.

[ದೃಶ್ಯ: ಶಿರಸಿ ಪೇಟೆ, ಮಳೆ. ಡಿಟಿಪಿ ಅಂಗಡಿಯ ಒಳಗೆ. ಪರದೆಯ ಮೇಲೆ ಲಗ್ನಪತ್ರಿಕೆ.]

ನನಗೆ ಪರಿಚಯದ ಒಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲ ಅಲ್ಲೇ. ಅಂಗಡಿಯ ಅಣ್ಣ ವಿಂಡೋಸ್ ಬಿಟ್ಟು ಬೇರೆ ಮುಟ್ಟಿದವರಲ್ಲ. ಮದುವೆ ಮನೆಯ ಹುಡುಗರ ಲೆಕ್ಕದಲ್ಲಿ ಇವರು 'ಹೊಸತಿಗೆ ಹೆದರುವವರು'. ಆದರೆ ಇದೇ ಅಣ್ಣ ಅರವತ್ತನೇ ವಯಸ್ಸಿಗೆ ಬೈಕ್ ಮೇಲೆ ಒಬ್ಬರೇ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿ ಬರುವವರು. ರಸ್ತೆ ನೋಡಿದವರಿಗೆ ಇದು ಎಂಥ ಧೈರ್ಯ ಅಂತ ಗೊತ್ತು.

ಅವರನ್ನು ವಿಂಡೋಸ್‌ಗೆ ಕಟ್ಟಿಹಾಕಿದ್ದು ಕನ್ನಡ. ಕನ್ನಡ ಗಣಕ ಪರಿಷತ್ತು ಮಾಡಿದ, ಸರ್ಕಾರಿ ಕಚೇರಿಗಳಲ್ಲಿ ನಡೆಯುವ ನುಡಿ ತಂತ್ರಾಂಶ ವಿಂಡೋಸ್‌ಗೆ ಬಂತು. 1998ರಲ್ಲಿ ಬಂದ 'ಬರಹ' ತಂತ್ರಾಂಶವೂ ವಿಂಡೋಸ್‌ಗೇ. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ಬಾಡಿಗೆಯವರು ಮಾಯ, ಮನೆಯ ಯಜಮಾನರೇ ಕಾಣುತ್ತಾರೆ. ವರನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕನ್ನಡ ಅಕ್ಷರಗಳಿಗೆ ತಮ್ಮದೇ ಮನೆ ಕೊಟ್ಟ ಯೂನಿಕೋಡ್ ಬಂದ ಮೇಲೆ ಹೊಸದಾಗಿ ಬರೆಯುವವರಿಗೆ ಈ ತಾಪತ್ರಯ ಇಲ್ಲ. ನುಡಿಯ ಕೀಲಿಮಣೆ ಲಿನಕ್ಸ್‌ನಲ್ಲೂ ಸಿಗುತ್ತದೆ. ಆದರೆ ಅಣ್ಣನ ಹತ್ತಿರ ಇಪ್ಪತ್ತು ವರ್ಷದ ಫೈಲುಗಳಿವೆ. "ಅಕ್ಕನ ಮದುವೇದು ಹೇಗಿತ್ತೋ ಹಾಗೇ ಬೇಕು" ಅಂತ ಬರುವ ಗಿರಾಕಿಗಳಿದ್ದಾರೆ.

ಮತ್ತೆ ಪೇಜ್‌ಮೇಕರ್, ಪುಟ ಜೋಡಿಸುವ ಸಾಫ್ಟ್‌ವೇರ್. ಅದರ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಅಣ್ಣ ಇವತ್ತಿಗೂ ಅದನ್ನೇ ಬಳಸುತ್ತಾರೆ. ಈಗ ಕೇಳಿ ತಮಾಷೆ. 1985ರಲ್ಲಿ ಆಲ್ಡಸ್ ಕಂಪನಿ ಪೇಜ್‌ಮೇಕರ್ ಮಾಡಿದ್ದೇ ಮ್ಯಾಕ್‌ಗೆ. ವಿಂಡೋಸ್‌ಗೆ ಬಂದದ್ದು ಆಮೇಲೆ. ನಮ್ಮ 'ವಿಂಡೋಸ್ ಸ್ವಭಾವದ' ಅಣ್ಣ ದಿನವಿಡೀ ಕೂರುವುದು ಮ್ಯಾಕ್ ಮನೆಯಲ್ಲಿ ಹುಟ್ಟಿದ ಸಾಫ್ಟ್‌ವೇರಿನ ಮುಂದೆ.

ಊರಿಗೆ ದಿನಕ್ಕೆ ಎರಡೇ ಬಸ್ಸು ಇದ್ದರೆ, ಬೆಳಗ್ಗೆ ಏಳರ ಬಸ್ಸಿನಲ್ಲಿ ಹೋದವರೆಲ್ಲ ಬೇಗ ಏಳುವ ಶಿಸ್ತಿನವರು ಅನ್ನಲಿಕ್ಕಾಗುತ್ತದಾ? ಹಾಗೇ ಇದೂ. 2020ರ ಲಾಕ್‌ಡೌನಿನಲ್ಲಿ ಕಾರವಾರ, ಕುಮಟಾ, ಹೊನ್ನಾವರಕ್ಕೆಲ್ಲ ಹುಡುಗರು ಮ್ಯಾಕ್ ಹಿಡಿದು ಬಂದರು. ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ಕೊಡೆ ಹಿಡಿದು ಮೀಟಿಂಗ್ ಮಾಡಿದರು. ಆ ಮ್ಯಾಕ್ ಆರಿಸಿದ್ದು ಕಂಪನಿ.

ಕೇರಳ ನೋಡಿ. ಅಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ಎಷ್ಟೋ ವರ್ಷದಿಂದ ಲಿನಕ್ಸ್‌ನಲ್ಲೇ. ಲಕ್ಷಾಂತರ ಮಕ್ಕಳು. ಲಿನಕ್ಸ್ ಅಂದರೆ ಒಂಟಿ, ತಲೆಹರಟೆ ಸ್ವಭಾವ ಅನ್ನುವುದಾದರೆ ಪಕ್ಕದ ರಾಜ್ಯದ ಅರ್ಧ ತರಗತಿ ಮೂಲೆ ಹಿಡಿದು ಕೂತಿರಬೇಕಿತ್ತು.

[ದೃಶ್ಯ: ಎರಡು ಫೋನು ಪಕ್ಕಪಕ್ಕ.]

ಹಾಗಾದರೆ ಇದರಲ್ಲಿ ಹುರುಳೇ ಇಲ್ವಾ? ಸ್ವಲ್ಪ ಇದೆ. ಫೋನಿನ ಮೇಲೆ ಅಧ್ಯಯನ ಆಗಿದೆ. 2016ರಲ್ಲಿ ಬ್ರಿಟನ್ನಿನ ಸಂಶೋಧಕರು ಐನೂರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ, ಆಂಡ್ರಾಯ್ಡ್‌ನವರಲ್ಲಿ ಪ್ರಾಮಾಣಿಕತೆ, ವಿನಯ ಸ್ವಲ್ಪ ಜಾಸ್ತಿ ಎಂದರು. ಐಫೋನಿನವರು ಫೋನನ್ನು ಅಂತಸ್ತಿನ ಗುರುತಾಗಿ ನೋಡುವುದು ಜಾಸ್ತಿ ಎಂದರು. ಆಂಡ್ರಾಯ್ಡ್‌ನವರು ಶಿಳ್ಳೆ ಹೊಡೆಯುವ ಮುಂಚೆ 2017ರದ್ದನ್ನೂ ಕೇಳಿ. ಗೋಟ್ಸ್, ಸ್ಟೀಗರ್, ರೈಪ್ಸ್ ಅನ್ನುವ ಮೂವರು ನೋಡಿದಾಗ ಎರಡು ಗುಂಪಿನ ಸ್ವಭಾವದಲ್ಲಿ ಸಿಕ್ಕ ವ್ಯತ್ಯಾಸ ತೀರಾ ಚಿಕ್ಕದು.

ಜೇಬಿನ ಲೆಕ್ಕ ಮಾತ್ರ ಸ್ಪಷ್ಟ. 2012ರಲ್ಲಿ ಹೊರಬಿದ್ದ ಸುದ್ದಿ: ಆರ್ಬಿಟ್ಜ್ ಅನ್ನುವ ಪ್ರವಾಸದ ಸೈಟು, ಮ್ಯಾಕ್‌ನವರು ಹೋಟೆಲ್ ರಾತ್ರಿಗೆ ಶೇಕಡಾ 30ರವರೆಗೆ ಹೆಚ್ಚು ಖರ್ಚು ಮಾಡುತ್ತಾರೆ ಅಂತ ಗಮನಿಸಿ, ಅವರಿಗೆ ದುಬಾರಿ ಕೋಣೆಗಳನ್ನು ಮುಂದೆ ತೋರಿಸುತ್ತಿತ್ತು. ವ್ಯಾಪಾರಿಗೆ ಬೇಕಾದದ್ದು ನಿಮ್ಮ ಮನಸ್ಸಲ್ಲ, ಪರ್ಸು.

ನನಗೆ ಹೆಚ್ಚು ಹಿಡಿಸಿದ್ದು ಬ್ರೌಸರಿನ ಕತೆ. ಮೈಕಲ್ ಹೌಸ್‌ಮನ್ ಅನ್ನುವವರು ಸುಮಾರು 50,000 ಉದ್ಯೋಗಿಗಳ ಮಾಹಿತಿ ನೋಡಿದರು. ಕ್ರೋಮ್, ಫೈರ್‌ಫಾಕ್ಸ್ ಬಳಸುವವರು ಕೆಲಸದಲ್ಲಿ ಶೇಕಡಾ 15 ಹೆಚ್ಚು ಕಾಲ ಉಳಿಯುತ್ತಿದ್ದರು. ಇಂಟರ್ನೆಟ್ ಎಕ್ಸ್‌ಪ್ಲೋರರ್, ಸಫಾರಿಯವರು ಬೇಗ ಬಿಡುತ್ತಿದ್ದರು. ಕೊನೆಯ ಎರಡು ಕಂಪ್ಯೂಟರಿನ ಜೊತೆಗೇ ಬರುತ್ತವೆ. ಮೊದಲ ಎರಡನ್ನು ನಾವೇ ಹುಡುಕಿ ಹಾಕಿಕೊಳ್ಳಬೇಕು. ಕ್ರೋಮ್ ಹಾಕಿಕೊಂಡರೆ ಕೆಲಸ ಉಳಿಯುತ್ತದೆ ಅಂತ ಇದರ ಅರ್ಥ ಅಲ್ಲ, ದಯವಿಟ್ಟು. ಆದರೆ ನೀವು ಯಾವುದನ್ನು ಬಳಸುತ್ತೀರಿ ಅನ್ನುವುದಕ್ಕಿಂತ, ಕೊಟ್ಟದ್ದನ್ನು ಬದಲಾಯಿಸಿದಿರಾ ಅನ್ನುವ ಪ್ರಶ್ನೆಯಲ್ಲಿ ಮನುಷ್ಯ ಸ್ವಲ್ಪ ಕಾಣುತ್ತಾನೆ ಅಂತ ನನಗೆ ಅನಿಸುತ್ತದೆ.

[ದೃಶ್ಯ: ಕವಳದ ಹರಿವಾಣ. ಎಲೆ, ಅಡಿಕೆ, ಸುಣ್ಣ.]

ಮದುವೆ ಮನೆಗೆ ವಾಪಸ್. ಊಟ ಆಗಿ ಕವಳ ಹಾಕುವಾಗ ಆ ಮೂವರನ್ನೂ ಬೇರೆ ಬೇರೆ ಕರೆದು ಒಂದು ಮಾತು ಹೇಳಿದೆ. "ನೀ ಬಳಸೋ ಸಿಸ್ಟಮ್ ನೋಡಿ ಹೇಳ್ತೆ ತಮ್ಮಾ. ನಿಂಗೆ ಜನ ಬೇಕು, ಆದ್ರೆ ಜಾಸ್ತಿ ಹೊತ್ತಲ್ಲ. ನಿನ್ನ ಕೆಲ್ಸದ ಬೆಲೆ ಮನೆಯವ್ರಿಗೆ ಪೂರ್ತಿ ಗೊತ್ತಿಲ್ಲೆ." ಮೂವರೂ "ಹೌದಲೇ!" ಎಂದರು. ಮೂವರಿಗೂ ಹೇಳಿದ್ದು ಒಂದೇ ಮಾತು.

ಈ ಆಟ ನನ್ನದಲ್ಲ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ನಿಮ್ಮ ನಿಮ್ಮ ಸ್ವಭಾವದ ವಿವರ ಇದು ಅಂತ ಚೀಟಿ ಹಂಚಿದರು. ಎಲ್ಲ ಚೀಟಿಯಲ್ಲೂ ಇದ್ದದ್ದು ಒಂದೇ ಬರಹ. ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಎಷ್ಟು ಸರಿಯಾಗಿದೆ ಅಂತ ಐದಕ್ಕೆ ಅಂಕ ಕೊಡಿ ಎಂದರು. ಸರಾಸರಿ 4.26 ಬಂತು.

[ದೃಶ್ಯ: ಮತ್ತೆ ಡಿಟಿಪಿ ಅಂಗಡಿ. ಮಳೆ ನಿಂತಿದೆ.]

ಈ ವಿಡಿಯೋಕ್ಕೆ ಚಿತ್ರೀಕರಣ ಮಾಡಲು ಅಂಗಡಿಗೆ ಹೋದಾಗ ಅಣ್ಣ ಒಂದು ಮಷಿನ್ ತೋರಿಸಿದರು. ವಿಂಡೋಸ್ 10. ಮೈಕ್ರೋಸಾಫ್ಟ್ ಅದರ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ಮಷಿನ್ ಹಳೆಯದು, 11 ಹಿಡಿಸುವುದಿಲ್ಲ. ಗಟ್ಟಿಯಾಗಿಯೇ ಇದೆ, ಬಿಸಾಡಲು ಮನಸ್ಸಿಲ್ಲ. ಅಣ್ಣನಿಗೆ, ಕೊಟ್ಟದ್ದನ್ನು ಬಿಟ್ಟು ಬೇರೆ ಆರಿಸಬೇಕಾದ ಹೊತ್ತು ಮೊದಲ ಸಲ ಬಂದಿತ್ತು.

"ಲಿನಕ್ಸ್ ಹಾಕಿಕೊಡ್ಲಾ ಅಣ್ಣಾ?" ಎಂದೆ.

"ಪೇಜ್‌ಮೇಕರ್ ಬರ್ತದಾ ಅದ್ರಲ್ಲಿ?"

"ಸೀದಾ ಬರೂದಿಲ್ಲ. ವಿಂಡೋಸಿನದನ್ನ ಲಿನಕ್ಸ್‌ನಲ್ಲಿ ಓಡಿಸ್ಲಿಕ್ಕೆ ವೈನ್ ಅಂತ ಒಂದಿದೆ. ಅದಿದ್ರೆ ಓಡಿದ್ರೂ ಓಡಬಹುದು."

ಅಣ್ಣ ಗಡಿಯಾರ ನೋಡಿದರು. ಹನ್ನೊಂದೂವರೆ. "ಇಷ್ಟು ಬೇಗನಾ?" ಎಂದು, ಇಬ್ಬರಿಗೂ ಚಾ ತರಿಸಿದರು.