18 ವರ್ಷದ ಮೇಲೆ ಒಂದೇ ಕೋಣೆಯಲ್ಲಿ

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಗೋಣಿಕೊಪ್ಪ, ಸೋಮವಾರಪೇಟೆ ಕಡೆಯಿಂದೆಲ್ಲ ಮಡಿಕೇರಿಗೆ ಬಂದಿದ್ದೀರಿ. ತುಂಬಾ ಖುಷಿಯಾಯಿತು. ಮುಂದಿನ ಸಾಲಿನಲ್ಲಿ ಹಿರಿಯರಿದ್ದೀರಿ, ಹಿಂದೆ ಕಾಲೇಜು ಹುಡುಗ ಹುಡುಗಿಯರಿದ್ದಾರೆ. ಹಿಂದೆ ಕೂತವರಿಗೆ ಹಿಪ್ ಹಾಪ್ ಹೊಸದೇನಲ್ಲ. ಹಿರಿಯರಲ್ಲಿ ಕೆಲವರಿಗೆ ಅದು ಅಷ್ಟು ಪರಿಚಯ ಇರಲಿಕ್ಕಿಲ್ಲ. ತಾಳದ ಮೇಲೆ ಪ್ರಾಸದ ಮಾತು ಹೇಳುವ ಸಂಗೀತ ಅದು, ಆ ಹೇಳುವುದಕ್ಕೆ ರ‍್ಯಾಪ್ ಅನ್ನುತ್ತಾರೆ. ಹಾಗಾಗಿ ಇಬ್ಬರಿಗೂ ತಿಳಿಯುವ ಹಾಗೆ ಮಾತಾಡುತ್ತೇನೆ.

ಇವತ್ತಿನ ವಿಷಯ ಒಂದೇ ಒಂದು ಆಲ್ಬಂ. ಅದನ್ನು ಮಾಡಿದವರು ನ್ಯೂಯಾರ್ಕಿನ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಅನ್ನುವ ಗುಂಪು. ಆಲ್ಬಂ ಹೆಸರು ಉದ್ದವಾಗಿದೆ: ‘ವಿ ಗಾಟ್ ಇಟ್ ಫ್ರಮ್ ಹಿಯರ್... ಥ್ಯಾಂಕ್ ಯು ಫಾರ್ ಯುವರ್ ಸರ್ವಿಸ್’. ಬಿಡುಗಡೆಯಾದದ್ದು 2016ರ ನವೆಂಬರ್ 11ರಂದು. ಅದಕ್ಕೆ ಮುಂಚಿನ ಆಲ್ಬಂ 1998ರದ್ದು. ನಡುವೆ 18 ವರ್ಷ.

ಅಷ್ಟು ವರ್ಷ ಸುಮ್ಮನಿದ್ದ ಗುಂಪು ಮತ್ತೆ ಹಾಡಲು ನಿಂತರೆ ಏನಾಗುತ್ತದೆ ಅಂತ ಸಂಗೀತ ಕೇಳುವವರಿಗೆಲ್ಲ ಗೊತ್ತು. ಹಳೇ ಹಾಡಿನ ಧಾಟಿಯಲ್ಲೇ ಇನ್ನೊಂದಷ್ಟು ಹಾಡು ಬರುತ್ತವೆ. ಅಭಿಮಾನಿಗಳು ಪ್ರೀತಿಯಿಂದ ಒಂದು ಸಲ ಕೇಳುತ್ತಾರೆ. ಆಮೇಲೆ ಮತ್ತೆ ಹಳೇ ಹಾಡಿಗೇ ಹೋಗುತ್ತಾರೆ. ಈ ಆಲ್ಬಂ ಹಾಗಾಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದನ್ನು ಹೇಳುವುದಕ್ಕೇ ನಾನು ಇಲ್ಲಿ ನಿಂತಿರುವುದು. ನನ್ನ ಪ್ರಕಾರ ಕಾರಣ ಒಂದೇ. ಇವರು ಹಳೇ ಕಾಲವನ್ನು ವಾಪಸ್ ತರಲು ಹೋಗಲಿಲ್ಲ. ಜಗಳವಾಡಿ ದೂರವಾಗಿದ್ದ ಗೆಳೆಯರು ಒಂದು ಕೋಣೆಯಲ್ಲಿ ಎದುರುಬದುರು ಕೂತು ಕೆಲಸ ಮಾಡಿದರು. ಆ ಕೂತಿದ್ದು ಹಾಡಿನೊಳಗೆ ಕೇಳಿಸುತ್ತದೆ.

ಸ್ವಲ್ಪ ಹಿಂದಿನಿಂದ ಬರೋಣ. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಸೇಂಟ್ ಆಲ್ಬನ್ಸ್ ಅಂತ ಒಂದು ಬಡಾವಣೆ. ಲಿಂಡನ್ ಬುಲೆವಾರ್ಡ್ ಅನ್ನುವ ರಸ್ತೆ ಅಲ್ಲಿ ಹಾದುಹೋಗುತ್ತದೆ. ಕ್ಯೂ-ಟಿಪ್ ಮತ್ತು ಫೈಫ್ ಡಾಗ್ ಚಿಕ್ಕಂದಿನಿಂದ ಅಲ್ಲಿ ಜೊತೆಗೆ ಬೆಳೆದವರು. ಫೈಫ್‌ನ ನಿಜವಾದ ಹೆಸರು ಮಲಿಕ್ ಟೇಲರ್. ಇವರ ಜೊತೆ ಸೇರಿದವರು ಡಿಜೆ ಅಲಿ ಶಹೀದ್ ಮುಹಮ್ಮದ್ ಮತ್ತು ಜರೋಬಿ ವೈಟ್. 1990ರಲ್ಲಿ ಮೊದಲ ಆಲ್ಬಂ ಬಂತು. 1991ರಲ್ಲಿ ‘ದಿ ಲೋ ಎಂಡ್ ಥಿಯರಿ’, 1993ರಲ್ಲಿ ‘ಮಿಡ್‌ನೈಟ್ ಮರಾಡರ್ಸ್’. ಈ ಎರಡನ್ನು ಕೇಳದೆ ಹಿಪ್ ಹಾಪ್ ಬಗ್ಗೆ ಮಾತಾಡುವುದು ಕಷ್ಟ.

ಇವರು ಮಾಡಿದ ಹೊಸತು ಏನು? ಹಳೇ ಜಾಝ್ ರೆಕಾರ್ಡುಗಳಿಂದ ಒಂದು ಸಣ್ಣ ತುಣುಕು ಎತ್ತಿಕೊಳ್ಳುತ್ತಿದ್ದರು. ಎರಡು ಸೆಕೆಂಡಿನ ಬಾಸ್ ಇರಬಹುದು, ಒಂದು ಹೊಡೆತ ಡ್ರಮ್ ಇರಬಹುದು. ಅದನ್ನೇ ಸುತ್ತಿಸಿ ಸುತ್ತಿಸಿ ತಾಳ ಕಟ್ಟಿ ಅದರ ಮೇಲೆ ಮಾತು ಕೂರಿಸುತ್ತಿದ್ದರು. ಇದಕ್ಕೆ ಸ್ಯಾಂಪ್ಲಿಂಗ್ ಅನ್ನುತ್ತಾರೆ. ‘ಲೋ ಎಂಡ್ ಥಿಯರಿ’ಯ ಒಂದು ಹಾಡಿಗಂತೂ ರಾನ್ ಕಾರ್ಟರ್ ಅವರೇ ಬಂದು ಬಾಸ್ ನುಡಿಸಿದರು. ಮೈಲ್ಸ್ ಡೇವಿಸ್ ಜೊತೆ ನುಡಿಸಿದ ದೊಡ್ಡ ಜಾಝ್ ಕಲಾವಿದ ಅವರು.

ಆದರೆ ಈ ಗುಂಪಿನ ಜೀವ ಇದ್ದದ್ದು ಎರಡು ಕಂಠಗಳ ನಡುವೆ. ಕ್ಯೂ-ಟಿಪ್‌ನದ್ದು ಮೂಗಿನಿಂದ ಬರುವ, ತಣ್ಣಗೆ ಹರಿಯುವ ದನಿ. ಫೈಫ್ ಆಳು ಗಿಡ್ಡ, ಐದಡಿ ಅಂತ ಅವನೇ ಹಾಡಿನಲ್ಲಿ ಹೇಳಿಕೊಂಡಿದ್ದಾನೆ. ದನಿ ಮಾತ್ರ ಚೂಪು, ಖಾರ. 1991ರ ‘ಚೆಕ್ ದ ರೈಮ್’ ಹಾಡಿನಲ್ಲಿ ಒಬ್ಬ ‘ರೆಡಿ ಇದ್ದೀಯಾ’ ಅನ್ನುವ ಅರ್ಥದಲ್ಲಿ ಕೂಗುತ್ತಾನೆ, ಇನ್ನೊಬ್ಬ ‘ಯಾವಾಗಲೂ’ ಅಂತ ಉತ್ತರ ಕೊಡುತ್ತಾನೆ. ಆಮೇಲೆ ಸಾಲು ಕೈಯಿಂದ ಕೈಗೆ ಹೋಗುತ್ತದೆ. ಆ ಹಾಡಿನ ವಿಡಿಯೊ ತೆಗೆದದ್ದು ಲಿಂಡನ್ ಬುಲೆವಾರ್ಡಿನ ಡ್ರೈ ಕ್ಲೀನಿಂಗ್ ಅಂಗಡಿಯೊಂದರ ಮಾಳಿಗೆ ಮೇಲೆ. ಕೆಳಗೆ ಊರಿನ ಜನ, ಮೇಲೆ ಇವರು.

ಕೊಡಗಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಪುತ್ತರಿ ಸುಗ್ಗಿ ಹಬ್ಬಕ್ಕೆ ಮನೆಮನೆಗೆ ಬಂದು ಹಾಡುವವರನ್ನು ನೀವು ನೋಡಿದ್ದೀರಿ. ನಾಲ್ಕು ಜನ, ಕೈಯಲ್ಲಿ ದುಡಿ. ಇಬ್ಬರು ಸಾಲು ಎತ್ತುತ್ತಾರೆ, ಇನ್ನಿಬ್ಬರು ಅದನ್ನು ತೆಗೆದುಕೊಂಡು ಮುಂದೆ ಹೋಗುತ್ತಾರೆ. ‘ಬಾಳೋ ಬಾಳೋ’ ಅಂತ ಶುರುವಾದರೆ ಒಬ್ಬರ ಉಸಿರು ಎಲ್ಲಿ ನಿಲ್ಲುತ್ತದೆ ಅಂತ ಇನ್ನೊಬ್ಬರಿಗೆ ಗೊತ್ತಿರಬೇಕು. ಅದು ಪುಸ್ತಕ ನೋಡಿ ಬರುವುದಿಲ್ಲ. ಜೊತೆಗೆ ನಿಂತು ಹಾಡಿ ಹಾಡಿ ಬರಬೇಕು. ಟಿಪ್ ಮತ್ತು ಫೈಫ್ ನಡುವೆ ಇದ್ದದ್ದೂ ಅದೇ ರೂಢಿ.

ಆ ರೂಢಿಯೇ ಕೆಟ್ಟುಹೋಯಿತು. ಟಿಪ್ ಎಲ್ಲವೂ ತನ್ನ ಮನಸ್ಸಿನ ಹಾಗೇ ಆಗಬೇಕು ಅನ್ನುವವನು. ಒಂದೇ ತಾಳದ ಮೇಲೆ ಗಂಟೆಗಟ್ಟಲೆ ಕೂರುವವನು. ಫೈಫ್‌ಗೆ ತನ್ನನ್ನು ಎರಡನೆಯವನ ಥರ ನೋಡುತ್ತಾರೆ ಅನ್ನುವ ನೋವು. ಜರೋಬಿ ಮೊದಲ ಆಲ್ಬಂ ಆದಮೇಲೆ ಅಡುಗೆ ಕಲಿಯಲು ಹೋಗಿ ಬಾಣಸಿಗನಾದ. 1998ರಲ್ಲಿ ಟಿಪ್ ಮನೆಗೆ ಬೆಂಕಿ ಬಿದ್ದು ಕೂಡಿಸಿಟ್ಟ ರೆಕಾರ್ಡುಗಳು ಹೋದವು, ಇನ್ನೂ ಹೊರಬರದ ಹಾಡುಗಳೂ ಹೋದವು. ಅದೇ ವರ್ಷ ಐದನೇ ಆಲ್ಬಂ ಬರುವ ಹೊತ್ತಿಗೆ ಗುಂಪು ಮುರಿಯಿತು. 2006ರಿಂದ ಆಗಾಗ ವೇದಿಕೆ ಮೇಲೆ ಸೇರುತ್ತಿದ್ದರು. ಫೈಫ್‌ನ ಆಸ್ಪತ್ರೆ ಖರ್ಚಿಗೆ ನೆರವಾಗಬೇಕು ಅನ್ನುವುದೂ ಅದರ ಹಿಂದೆ ಇತ್ತು. ಆದರೆ ವೇದಿಕೆಯ ಹಿಂದೆ ಮನಸ್ಸು ಸರಿಯಿರಲಿಲ್ಲ. 2011ರಲ್ಲಿ ಇವರ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂತು. 2008ರ ಪ್ರವಾಸದಲ್ಲಿ ಇಬ್ಬರೂ ಕಿತ್ತಾಡಿದ್ದನ್ನು ಇಡೀ ಜಗತ್ತು ಅದರಲ್ಲಿ ನೋಡಿತು.

ಫೈಫ್‌ಗೆ ಇದ್ದದ್ದು ಸಕ್ಕರೆ ಕಾಯಿಲೆ. 1990ರ ಹೊತ್ತಿಗೇ ಗೊತ್ತಾಗಿತ್ತು. 1993ರ ಒಂದು ಹಾಡಿನಲ್ಲಿ ತಾನು ಸಕ್ಕರೆ ಕಾಯಿಲೆಯವನು ಅಂತ ಎದೆ ತಟ್ಟಿ ಹೇಳಿಕೊಂಡಿದ್ದಾನೆ. ರ‍್ಯಾಪ್ ಮಾಡುವವರು ತಮ್ಮ ಶಕ್ತಿಯನ್ನೇ ಹೊಗಳಿಕೊಳ್ಳುತ್ತಿದ್ದ ಕಾಲದಲ್ಲಿ ಇದು ದೊಡ್ಡ ಧೈರ್ಯ. 2008ರಲ್ಲಿ ಅವನ ಹೆಂಡತಿ ತನ್ನ ಒಂದು ಕಿಡ್ನಿ ಕೊಟ್ಟಳು. ಕೆಲವು ವರ್ಷದಲ್ಲಿ ಅದೂ ಕೈಕೊಟ್ಟು ಮತ್ತೆ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಿಬರುವವರ ಮನೆಯವರು ಈ ಸಭೆಯಲ್ಲೂ ಇರಬಹುದು. ಆ ದಿನ ಮನುಷ್ಯನಿಗೆ ಎಷ್ಟು ಸುಸ್ತಾಗುತ್ತದೆ ಅಂತ ಅವರಿಗೆ ಗೊತ್ತು. ಮುಂದೆ ಹೇಳುವುದನ್ನು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳಿ.

2015ರ ನವೆಂಬರ್ 13. ಮೊದಲ ಆಲ್ಬಂಗೆ 25 ವರ್ಷ ತುಂಬಿದ ನೆಪದಲ್ಲಿ ಜಿಮ್ಮಿ ಫಾಲನ್ ಅವರ ಟಿವಿ ಕಾರ್ಯಕ್ರಮಕ್ಕೆ ಗುಂಪಿಗೆ ಕರೆ ಬಂತು. ಪ್ಯಾರಿಸ್‌ನಲ್ಲಿ ಉಗ್ರರ ದಾಳಿ ನಡೆದ ದಿನವೇ ಅದು. ಬಟಾಕ್ಲಾನ್ ಅನ್ನುವ ಸಂಗೀತದ ಹಾಲ್‌ಗೂ ನುಗ್ಗಿ ಕೊಂದಿದ್ದರು. ಆ ರಾತ್ರಿ ನ್ಯೂಯಾರ್ಕಿನಲ್ಲಿ ಇವರು ವೇದಿಕೆ ಹತ್ತಿದಾಗ ಹಳೇ ರೂಢಿ ತಾನಾಗಿ ಮರಳಿ ಬಂತು. ಅದೇ ರಾತ್ರಿ ಹೊಸ ಆಲ್ಬಂ ಮಾಡುವ ಮಾತು ಆಯಿತು. ಹೊರಗೆ ಯಾರಿಗೂ ಸುಳಿವು ಕೊಡಲಿಲ್ಲ.

ಕೆಲಸ ನಡೆದದ್ದು ನ್ಯೂಜೆರ್ಸಿಯಲ್ಲಿ, ಟಿಪ್ ಮನೆಯ ಸ್ಟುಡಿಯೊದಲ್ಲಿ. ಫೈಫ್ ಇದ್ದದ್ದು ಕ್ಯಾಲಿಫೋರ್ನಿಯಾದಲ್ಲಿ, ದೇಶದ ಇನ್ನೊಂದು ತುದಿಯಲ್ಲಿ. ಈ ಕಾಲದಲ್ಲಿ ಹಾಡು ಮಾಡಲು ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ, ಅಲ್ವಾ? ಇದ್ದಲ್ಲೇ ಹಾಡಿ ಫೈಲ್ ಕಳಿಸಿದರೆ ಆಯಿತು. ಟಿಪ್ ಅದಕ್ಕೆ ಒಪ್ಪಲಿಲ್ಲ. ಹಾಡುವವರು ಸ್ಟುಡಿಯೊಗೇ ಬರಬೇಕು ಅಂದ. ಆಂಡ್ರೆ 3000, ಕೆಂಡ್ರಿಕ್ ಲಮಾರ್, ಬಸ್ಟಾ ರೈಮ್ಸ್ ಥರದ ದೊಡ್ಡ ಹೆಸರುಗಳಿಗೂ ಇದೇ ಮಾತು. ಫೈಫ್ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ವಿಮಾನ ಹತ್ತಿ ಬರುತ್ತಿದ್ದ, ಹಾಡುತ್ತಿದ್ದ, ಮತ್ತೆ ಹೋಗುತ್ತಿದ್ದ.

2016ರ ಮಾರ್ಚ್ 22ರಂದು ಫೈಫ್ ತೀರಿಕೊಂಡ. ವಯಸ್ಸು 45. ಆಲ್ಬಂ ಅರ್ಧದಲ್ಲಿತ್ತು.

ಉಳಿದವರು ಅದನ್ನು ಮುಗಿಸಿದರು. ಆಲ್ಬಂಗೆ ಹೆಸರು ಇಟ್ಟವನು ಫೈಫ್. ಯಾಕೆ ಆ ಹೆಸರು ಅಂತ ಅವನು ವಿವರಿಸಿರಲಿಲ್ಲ, ಆದರೂ ಒಂದಕ್ಷರ ಬದಲಿಸಲಿಲ್ಲ. ನವೆಂಬರ್ 8ಕ್ಕೆ ಅಮೆರಿಕದ ಚುನಾವಣೆ. ಮೂರೇ ದಿನಕ್ಕೆ ಆಲ್ಬಂ ಹೊರಬಂತು. ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರವಾಗಿ ಒಂದನೇ ಜಾಗಕ್ಕೆ ಹೋಯಿತು. 1996ರ ನಂತರ ಅವರಿಗೆ ಆ ಜಾಗ ಸಿಕ್ಕಿರಲಿಲ್ಲ.

ಈಗ ಹಾಡುಗಳಿಗೆ ಬರೋಣ. ಒಟ್ಟು 16 ಹಾಡು, ಎಂಟೆಂಟರಂತೆ ಎರಡು ಭಾಗ. ಎರಡನೇ ಭಾಗ ಮೊದಲಿನಷ್ಟು ಬಿಗಿಯಾಗಿಲ್ಲ ಅಂತ ನನಗೆ ಅನಿಸುತ್ತದೆ. ಅಲಿ ಆಗ ಬೇರೆ ಕೆಲಸದಲ್ಲಿದ್ದರಿಂದ ಅವನ ಕೈ ಇಲ್ಲಿ ಕಡಿಮೆ. ಆ ಕೊರತೆ ಗೊತ್ತಾಗುತ್ತದೆ. ಆದರೆ ಮೊದಲ ಹಾಡು ‘ದಿ ಸ್ಪೇಸ್ ಪ್ರೋಗ್ರಾಂ’ ಕೇಳಿ. ಶುರುವಲ್ಲಿ ಟಿಪ್ ಮತ್ತು ಫೈಫ್ ಒಟ್ಟಿಗೆ ಬರುತ್ತಾರೆ. ಎಲ್ಲರೂ ಒಂದಾಗಬೇಕು, ಅಣ್ಣತಮ್ಮಂದಿರಿಗಾಗಿ, ಅಕ್ಕತಂಗಿಯರಿಗಾಗಿ ಅಂತ ಸಾಲು ಸಾಗುತ್ತದೆ. ಒಂದೇ ಸಾಲಿನೊಳಗೆ ಒಬ್ಬನ ಮಾತಿಗೆ ಇನ್ನೊಬ್ಬನ ಮಾತು ತಗುಲುತ್ತದೆ. ಆಮೇಲೆ ವಿಷಯ ತೆರೆದುಕೊಳ್ಳುತ್ತದೆ. ದುಡ್ಡಿದ್ದವರು ಮಂಗಳ ಗ್ರಹಕ್ಕೆ ಹೊರಟಿದ್ದಾರೆ, ನಮ್ಮನ್ನು ಇಲ್ಲೇ ಬಿಟ್ಟು ಹೋಗುತ್ತಾರೆ, ನಮ್ಮ ನಾಳೆಯ ಬಗ್ಗೆ ಯೋಜನೆ ಹಾಕುವಾಗ ನಮ್ಮವರು ಯಾರೂ ಅಲ್ಲಿಲ್ಲ. ಜಾಗ ಬಿಟ್ಟು ಏಳಬೇಕಾದವರ ಕಥೆ ಈ ಬೆಟ್ಟದಲ್ಲಿ ಇರುವವರಿಗೆ ಹೊಸದಲ್ಲ. ಕಾಡಿನ ಆದಿವಾಸಿ ಹಾಡಿಗಳಿಂದ ಹೊರಗೆ ಬಂದವರನ್ನು ಕೇಳಿದರೆ ಈ ಹಾಡಿನ ಅರ್ಥವನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಎರಡನೆಯದು ‘ವಿ ದ ಪೀಪಲ್’. ಅಮೆರಿಕದ ಸಂವಿಧಾನದ ಮೊದಲ ಮಾತು ಅದು. ನಮ್ಮದೂ ‘ಭಾರತದ ಜನತೆಯಾದ ನಾವು’ ಅಂತಲೇ ಶುರುವಾಗುತ್ತದೆ. ಆ ಹೆಸರಿಟ್ಟುಕೊಂಡ ಹಾಡಿನ ಪಲ್ಲವಿಯಲ್ಲಿ ಕರಿಯರು ಹೋಗಿ, ಮೆಕ್ಸಿಕನ್ನರು ಹೋಗಿ, ಬಡವರು ಹೋಗಿ ಅಂತ ಒಬ್ಬೊಬ್ಬರನ್ನೇ ಹೊರಗೆ ಕಳಿಸುತ್ತಾರೆ. ಮುಸ್ಲಿಮರನ್ನೂ ಸಲಿಂಗಿಗಳನ್ನೂ ಬಿಡುವುದಿಲ್ಲ. ಓಡಿಸುವವರ ಬಾಯಿಂದಲೇ ಹಾಡಿಸಿದ್ದಾರೆ. ದನಿ ಏರಿಸುವುದಿಲ್ಲ. ಜೋಗುಳದಷ್ಟು ಮೆತ್ತಗೆ ಹಾಡುತ್ತಾರೆ. ಅದಕ್ಕೇ ಅದು ಇಷ್ಟು ಚುಚ್ಚುತ್ತದೆ. ಚುನಾವಣೆ ಮುಗಿದ ವಾರದ ಶನಿವಾರ, ನವೆಂಬರ್ 12ರಂದು, ‘ಸ್ಯಾಟರ್ಡೇ ನೈಟ್ ಲೈವ್’ ಅನ್ನುವ ಟಿವಿ ಕಾರ್ಯಕ್ರಮದಲ್ಲಿ ಇದನ್ನು ಹಾಡಿದರು. ಫೈಫ್‌ನ ಸರದಿ ಬಂದಾಗ ಅವನ ಚಿತ್ರವಿದ್ದ ದೊಡ್ಡ ಪರದೆ ಮೇಲಿಂದ ಇಳಿಯಿತು. ಅವನ ಧ್ವನಿಮುದ್ರಣ ಕೇಳಿಬಂತು. ಬೇರೆ ಯಾರೂ ಅವನ ಸಾಲನ್ನು ಹಾಡಲಿಲ್ಲ. ಆ ವಿಡಿಯೊ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

‘ಲಾಸ್ಟ್ ಸಮ್‌ಬಡಿ’ ಅನ್ನುವ ಹಾಡು ಫೈಫ್ ಸತ್ತಮೇಲೆ ಅವನಿಗಾಗಿಯೇ ಮಾಡಿದ್ದು. ಟಿಪ್ ಅದರಲ್ಲಿ ಫೈಫ್‌ನ ಅಪ್ಪ ಅಮ್ಮನ ಕಥೆಯಿಂದ ಶುರು ಮಾಡುತ್ತಾನೆ. ಅಮ್ಮ ಶೆರಿಲ್ ಬಾಯ್ಸ್-ಟೇಲರ್, ಟ್ರಿನಿಡಾಡ್‌ನಿಂದ ಬಂದ ಕವಿ. ಆಮೇಲೆ ನೇರವಾಗಿ ಮಲಿಕ್ ಅಂತ ಹೆಸರು ಹಿಡಿದು ಮಾತಾಡುತ್ತಾನೆ. ನಿನ್ನನ್ನು ತಮ್ಮನ ಥರ ನೋಡಿದೆ, ಅತಿಯಾಗಿ ತಲೆ ಹಾಕಿದೆ, ಅದು ನಿನ್ನ ಒಳ್ಳೇದಕ್ಕೇ ಅಂದುಕೊಂಡಿದ್ದೆ ಅನ್ನುತ್ತಾನೆ. ನಮ್ಮ ಜಗಳ ಸಿನಿಮಾದಲ್ಲೇ ಬಂದುಬಿಟ್ಟಿದೆ, ಆದರೆ ನಾವಿಬ್ಬರೂ ಯಾವತ್ತೂ ನಾಟಕ ಆಡಲಿಲ್ಲ ಅನ್ನುತ್ತಾನೆ. ಸತ್ತವರನ್ನು ಹೊಗಳುವುದು ಸುಲಭ. ಅವರ ಜೊತೆ ಆಡಿದ ಜಗಳವನ್ನು ಮರೆಸದೆ ಪ್ರೀತಿ ಹೇಳುವುದು ಕಷ್ಟ. ಕೊಡವರಲ್ಲಿ ಸಾವಿನ ಮನೆಯಲ್ಲಿ ಹಾಡುವ ಪದ್ಧತಿ ಇದೆ. ಅಂಥ ಹಾಡು ಕೇಳಿ ಬೆಳೆದವರಿಗೆ ಇದು ಬೇಗ ತಾಗುತ್ತದೆ.

ಇನ್ನೊಂದು ಮಾತು. ‘ಡಿಸ್ ಜನರೇಷನ್’ ಹಾಡಿನಲ್ಲಿ ತಮಗಿಂತ ಚಿಕ್ಕ ರ‍್ಯಾಪ್ ಹಾಡುಗಾರರಾದ ಕೆಂಡ್ರಿಕ್, ಕೋಲ್, ಅರ್ಲ್, ಜೋಯಿ ಇವರ ಹೆಸರು ಹೇಳಿ, ಈ ಕಲೆಯನ್ನು ಕಾಯುವವರು ಇನ್ನು ಇವರು ಅನ್ನುತ್ತಾರೆ. ‘ನಮ್ಮ ಕಾಲವೇ ಕಾಲ’ ಅನ್ನುವ ಹಟ ಇಡೀ ಆಲ್ಬಂನಲ್ಲಿ ಎಲ್ಲೂ ಇಲ್ಲ. ಹಿರಿಯರು ದಯವಿಟ್ಟು ಆ ಹಾಡನ್ನೊಮ್ಮೆ ಕೇಳಿ.

ಹಿಂದಿನ ಸಾಲಿನ ಮಕ್ಕಳಿಗೆ ನನ್ನದೊಂದು ಕೋರಿಕೆ. ನಿಮ್ಮಲ್ಲಿ ಕೆಲವರು ಕನ್ನಡದಲ್ಲಿ, ಕೊಡವ ತಕ್ಕ್‌ನಲ್ಲಿ, ಅರೆಭಾಷೆಯಲ್ಲಿ ರ‍್ಯಾಪ್ ಬರೆಯುತ್ತಿದ್ದೀರಿ. ಫೈಫ್ ತನ್ನ ಮನೆಯ ಟ್ರಿನಿಡಾಡ್ ಮಾತಿನ ಲಯವನ್ನು ಹಾಡಿನಲ್ಲಿ ಕೊನೇವರೆಗೂ ಬಿಡಲಿಲ್ಲ. ನೀವೂ ಮನೆಯ ಮಾತನ್ನು ಬಿಡಬೇಡಿ. ಪಿಯುಸಿ ಮುಗಿಸಿ ಒಬ್ಬರು ಮೈಸೂರಿಗೆ, ಒಬ್ಬರು ಬೆಂಗಳೂರಿಗೆ ಹೋಗುತ್ತೀರಿ. ಹಾಡು ವಾಟ್ಸಾಪಿನಲ್ಲಿ ತುಂಡು ತುಂಡಾಗಿ ಓಡಾಡುತ್ತದೆ. ಬೇಡ ಅನ್ನುವುದಿಲ್ಲ. ಆದರೆ ರಜೆಗೆ ಊರಿಗೆ ಬಂದಾಗ ಒಂದು ದಿನ ಒಂದೇ ಕೋಣೆಯಲ್ಲಿ ಕೂತು ರೆಕಾರ್ಡ್ ಮಾಡಿ. ಎದುರಿಗಿದ್ದವನು ತಲೆ ಅಲ್ಲಾಡಿಸಿದರೆ ಸಾಲು ಬದಲಾಗುತ್ತದೆ. ಜಗಳ ಆದರೂ ಪರವಾಗಿಲ್ಲ.

ಲಿಂಡನ್ ಬುಲೆವಾರ್ಡ್ ಮತ್ತು 192ನೇ ಬೀದಿ ಸೇರುವ ಜಾಗಕ್ಕೆ 2016ರ ನವೆಂಬರಿನಲ್ಲೇ ಮಲಿಕ್ ಟೇಲರ್ ಹೆಸರಿಟ್ಟರು. 2024ರಲ್ಲಿ ಗುಂಪನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಇದನ್ನೆಲ್ಲ ನೀವೇ ಹುಡುಕಿ ಓದಬಹುದು.

ಈಗ ಹಾಡು ಕೇಳೋಣ. ಮೊದಲು 1991ರ ‘ಚೆಕ್ ದ ರೈಮ್’, ಅದರ ಹಿಂದೆಯೇ ‘ದಿ ಸ್ಪೇಸ್ ಪ್ರೋಗ್ರಾಂ’. ಎರಡರಲ್ಲೂ ಟಿಪ್ ಸಾಲು ಬಿಡುವ ಜಾಗ ಮತ್ತು ಫೈಫ್ ಹಿಡಿಯುವ ಜಾಗವನ್ನು ಗಮನಿಸಿ. ಎರಡನೆಯದರಲ್ಲಿ ಕೆಲವು ಒರಟು ಮಾತಿವೆ, ಹಿರಿಯರು ಬೇಸರ ಮಾಡಿಕೊಳ್ಳಬೇಡಿ. ಪ್ರಶ್ನೆಗಳನ್ನು ಹಾಡು ಮುಗಿದ ಮೇಲೆ ತೆಗೆದುಕೊಳ್ಳುತ್ತೇನೆ. ಸ್ಪೀಕರ್ ಹತ್ತಿರ ಕೂತವರು ಸ್ವಲ್ಪ ಹಿಂದೆ ಬಂದರೆ ಒಳ್ಳೆಯದು, ಬಾಸ್ ಜಾಸ್ತಿ ಇದೆ.