ದೊಡ್ಡಕ್ಷರ, ಸಣ್ಣಕ್ಷರ ಮತ್ತು ಅಂಗೈಯ ಆಟದ ಪೆಟ್ಟಿಗೆ

ಕೇಳುಗರಿಗೆ ನಮಸ್ಕಾರ.

ಕನ್ನಡ ಬರೆಯುವವರಿಗೆ ಒಂದು ತಾಪತ್ರಯ ಇಲ್ಲ. ನಮ್ಮ ಲಿಪಿಯಲ್ಲಿ ದೊಡ್ಡ ‘ಕ’, ಸಣ್ಣ ‘ಕ’ ಎಂಬ ಎರಡು ರೂಪಗಳಿಲ್ಲ. ಒತ್ತಕ್ಷರ, ದೀರ್ಘ, ಅರ್ಕಾವತ್ತು ಎಂದು ನಮ್ಮನ್ನು ಕಾಡುವ ಸಂಗತಿಗಳು ಬೇರೆ ಇವೆ, ಆ ಮಾತು ಬಿಡಿ. ಇಂಗ್ಲಿಷಿನಲ್ಲಿ ಮಾತ್ರ ಪ್ರತಿ ಅಕ್ಷರಕ್ಕೂ ಎರಡು ವೇಷ. ಕಂಪ್ಯೂಟರಿನಲ್ಲಿ ಕಡತವೊಂದಕ್ಕೆ ಹೆಸರಿಟ್ಟಾಗ ಈ ವೇಷದ ಪ್ರಶ್ನೆ ಏಳುತ್ತದೆ. ವಿಂಡೋಸ್ ಉದಾರಿ, ದೊಡ್ಡಕ್ಷರದಲ್ಲಿ ಕೇಳಿದರೂ ಸಣ್ಣಕ್ಷರದಲ್ಲಿ ಕೇಳಿದರೂ ಅದೇ ಕಡತವನ್ನು ತಂದುಕೊಡುತ್ತದೆ. ವಿಂಡೋಸಿನಂತೆಯೇ ಕಂಪ್ಯೂಟರನ್ನು ನಡೆಸುವ, ಆದರೆ ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಾದ ಲಿನಕ್ಸ್ ಹಾಗಲ್ಲ. ಒಂದು ಅಕ್ಷರದ ಗಾತ್ರ ಬದಲಾದರೂ ಅದರ ಲೆಕ್ಕದಲ್ಲಿ ಅದು ಬೇರೆಯೇ ಕಡತ. ‘ಅಂಥದ್ದು ನನ್ನಲ್ಲಿಲ್ಲ’ ಎಂದು ತಲೆಯಾಡಿಸಿಬಿಡುತ್ತದೆ.

ವಿಂಡೋಸಿಗಾಗಿ ಬರೆದ ಆಟವೊಂದನ್ನು ಲಿನಕ್ಸಿನಲ್ಲಿ ನಡೆಸಲು ಹೊರಟರೆ ಎದುರಾಗುವ ಮೊದಲ ಕಲ್ಲುಗಳಲ್ಲಿ ಇದೂ ಒಂದು. ಆಟ ಬರೆದವರು ಖಡ್ಗದ ಚಿತ್ರವನ್ನು ಒಂದು ಕಡೆ ದೊಡ್ಡಕ್ಷರದಲ್ಲಿ, ಇನ್ನೊಂದು ಕಡೆ ಸಣ್ಣಕ್ಷರದಲ್ಲಿ ಕರೆದಿರುತ್ತಾರೆ. ವಿಂಡೋಸಿನಲ್ಲಿ ಅದು ಯಾರ ಗಮನಕ್ಕೂ ಬಂದಿರುವುದಿಲ್ಲ. ಲಿನಕ್ಸಿನಲ್ಲಿ ವೀರನ ಕೈ ಬರಿದಾಗಿರುತ್ತದೆ. 2019ರಲ್ಲಿ ಹೊರಬಂದ ಲಿನಕ್ಸ್ ತಿರುಳಿನ, ಅಂದರೆ ಸಿಸ್ಟಂನ ನಡುಭಾಗವಾದ ಕರ್ನೆಲ್‌ನ, 5.2ನೇ ಆವೃತ್ತಿಯಲ್ಲಿ ಇದಕ್ಕೊಂದು ಪರಿಹಾರ ಬಂತು. ಬೇಕಾದ ಕಡತಕೋಶಕ್ಕೆ ಗುರುತು ಹಾಕಿ ‘ಇದರೊಳಗೆ ಅಕ್ಷರದ ಗಾತ್ರ ನೋಡಬೇಡ’ ಎಂದು ಹೇಳಬಹುದು. ಜಗತ್ತಿನ ಸರ್ವರ್‌ಗಳನ್ನೂ ಬಾಹ್ಯಾಕಾಶ ನಿಲ್ದಾಣದ ಲ್ಯಾಪ್‌ಟಾಪುಗಳನ್ನೂ ನಡೆಸುವ ತಿರುಳಿನೊಳಗೆ ಆಟದವರ ಅಗತ್ಯವೂ ಹೀಗೆ ಮೆಲ್ಲನೆ ಕಾಲಿಟ್ಟಿತು. ಅಂಗೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರುಗಳ ಬಗ್ಗೆ ಮಾತನಾಡಲು ನಾನು ಈ ಚಿಲ್ಲರೆ ಸಂಗತಿಯಿಂದ ಹೊರಟದ್ದಕ್ಕೆ ಕಾರಣವಿದೆ. ಈ ಯಂತ್ರಗಳ ಕಥೆಯೆಲ್ಲ ಇಂಥ ಚಿಲ್ಲರೆ ಸಂಗತಿಗಳಲ್ಲೇ ಇದೆ.

ಯಂತ್ರ ಯಾವುದು ಎಂದು ಮೊದಲು ಹೇಳಿಬಿಡುತ್ತೇನೆ. ನಡುವೆ ಏಳು ಇಂಚಿನ ಪರದೆ, ಅದರ ಎರಡೂ ಬದಿಗೆ ಗುಂಡಿಗಳು, ಹೆಬ್ಬೆರಳಿಗೆ ಒಂದೊಂದು ಪುಟ್ಟ ಕೋಲು. ತೂಕ 669 ಗ್ರಾಂ. ಅಮೆರಿಕದ ವಾಲ್ವ್ ಕಂಪನಿ 2022ರ ಫೆಬ್ರವರಿಯಲ್ಲಿ ಮಾರುಕಟ್ಟೆಗೆ ಬಿಟ್ಟ ಸ್ಟೀಮ್ ಡೆಕ್ ಅದು. ನೋಡಲು ಆಟಿಕೆ, ಒಳಗೆ 16 ಗಿಗಾಬೈಟ್ ಮೆಮೊರಿಯ ಪೂರ್ಣ ಪ್ರಮಾಣದ ಕಂಪ್ಯೂಟರ್. ಅದರಲ್ಲಿ ಓಡುವುದು ಸ್ಟೀಮ್ ಓಎಸ್, ಅಂದರೆ ಲಿನಕ್ಸಿನ ಹಲವು ಬಗೆಗಳಲ್ಲಿ ಒಂದಾದ ಆರ್ಚ್ ಲಿನಕ್ಸನ್ನು ಆಧರಿಸಿದ ಆಪರೇಟಿಂಗ್ ಸಿಸ್ಟಂ. ಪವರ್ ಪಟ್ಟಿಯಲ್ಲಿ ಒಂದು ಆಯ್ಕೆ ಒತ್ತಿದರೆ ಆಟಗಳ ಪಟ್ಟಿ ಮರೆಯಾಗಿ ಕೆಡಿಇ ಎಂಬ ಮುಕ್ತ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ಕೀಲಿಮಣೆ ಜೋಡಿಸಿ ಪತ್ರ ಬರೆಯಬಹುದು, ಲೆಕ್ಕ ಮಾಡಬಹುದು. ಕನ್ನಡವನ್ನೂ ಟೈಪಿಸಬಹುದು. ಕೆಡಿಇಯನ್ನು ಕನ್ನಡಕ್ಕೆ ತರಲು ನಮ್ಮ ಸ್ವಯಂಸೇವಕರು ವರ್ಷಗಟ್ಟಲೆ ದುಡಿದಿದ್ದಾರೆ. ವಾಲ್ವ್‌ನ ಆಟದಂಗಡಿಯಾದ ಸ್ಟೀಮ್‌ನ ಮುಖಪುಟಕ್ಕೆ ಮಾತ್ರ ಕನ್ನಡ ಬರುವುದಿಲ್ಲ.

ವಾಲ್ವ್ ಈ ದಾರಿಗೆ ಬಂದದ್ದು ಪ್ರೀತಿಯಿಂದಲ್ಲ, ಭಯದಿಂದ. 2012ರಲ್ಲಿ ವಿಂಡೋಸ್ 8 ತನ್ನದೇ ಆ್ಯಪ್ ಅಂಗಡಿಯನ್ನು ಹೊತ್ತು ಬರುವ ಸುದ್ದಿಯಿದ್ದಾಗ, ಸ್ಟೀಮ್ ಎಂಬ ಆಟದಂಗಡಿಯ ಯಜಮಾನ ಗೇಬ್ ನ್ಯೂವೆಲ್ ಅದನ್ನು ಪಿಸಿ ಲೋಕಕ್ಕೆ ಒದಗಿದ ಅನಾಹುತವೆಂದೇ ಕರೆದರು. ಬಾಡಿಗೆ ಮಳಿಗೆಯ ಪಕ್ಕದಲ್ಲೇ ಕಟ್ಟಡದ ಮಾಲೀಕ ಅದೇ ಸರಕಿನ ಅಂಗಡಿ ಇಟ್ಟರೆ ಬಾಡಿಗೆದಾರನಿಗೆ ನಿದ್ದೆ ಬರುತ್ತದೆಯೇ? ಸ್ವಂತ ಜಾಗ ಹುಡುಕುತ್ತಾನೆ. 2013ರಲ್ಲಿ ಡೆಬಿಯನ್ ಎಂಬ ಇನ್ನೊಂದು ಬಗೆಯ ಲಿನಕ್ಸ್ ಆಧಾರದ ಮೊದಲ ಸ್ಟೀಮ್ ಓಎಸ್ ಬಂತು. 2015ರಲ್ಲಿ ಅದನ್ನು ಹಾಕಿದ ‘ಸ್ಟೀಮ್ ಮಷೀನ್’ ಪೆಟ್ಟಿಗೆಗಳು ಬಂದವು, ಮತ್ತು ಸದ್ದಿಲ್ಲದೆ ಸೋತವು. ಆಟದ ಕಂಪನಿಗಳು ಲಿನಕ್ಸಿಗೆಂದೇ ಪ್ರತ್ಯೇಕವಾಗಿ ಆಟ ಸಿದ್ಧಪಡಿಸಲಿ ಎಂದು ವಾಲ್ವ್ ಕಾದಿತ್ತು. ಗಿರಾಕಿ ಇಲ್ಲದ ಕಡೆಗೆ ಸರಕು ಹೊರುವವರು ಯಾರು? ಸರಕಿಲ್ಲದ ಅಂಗಡಿಗೆ ಗಿರಾಕಿ ಏಕೆ ಬಂದಾನು?

ಆ ಸೋಲಿನಿಂದ ಅವರು ಕಲಿತದ್ದು, ಆಟದವರನ್ನು ಬೇಡಬಾರದು, ದುಭಾಷಿಯನ್ನು ನೇಮಿಸಿಕೊಳ್ಳಬೇಕು ಎಂಬುದನ್ನು. ದುಭಾಷಿ ಆಗಲೇ ಇದ್ದ. ವೈನ್ ಎಂಬ ಯೋಜನೆ 1993ರಿಂದ ವಿಂಡೋಸಿನ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ಓಡಿಸುವ ಪ್ರಯತ್ನದಲ್ಲಿತ್ತು. ವಿಂಡೋಸ್ ತಂತ್ರಾಂಶ ‘ಈ ಕಡತ ತೆರೆ’ ಎಂದು ಕೇಳಿದರೆ ವೈನ್ ಅದನ್ನು ಲಿನಕ್ಸಿಗೆ ಅರ್ಥವಾಗುವಂತೆ ತಿರುಗಿಸಿ ಹೇಳುತ್ತದೆ. ಚಿತ್ರ ಬಿಡಿಸುವ ಮಾತಿನಲ್ಲಿ ಮಾತ್ರ ಈ ದುಭಾಷಿ ತೊದಲುತ್ತಿತ್ತು. ವಿಂಡೋಸಿನ ಆಟಗಳು ಡೈರೆಕ್ಟ್‌ತ್ರೀಡಿ ಎಂಬ ಭಾಷೆಯಲ್ಲಿ ಗ್ರಾಫಿಕ್ಸ್ ಚಿಪ್ಪಿಗೆ ಆಜ್ಞೆ ಕೊಡುತ್ತವೆ. ಫಿಲಿಪ್ ರೆಬೋಲೆ ಎಂಬಾತ ತನಗಿಷ್ಟವಾದ ಆಟವೊಂದನ್ನು ಲಿನಕ್ಸಿನಲ್ಲಿ ಆಡುವ ಹಟಕ್ಕೆ ಬಿದ್ದು, ಆ ಆಜ್ಞೆಗಳನ್ನು ವಲ್ಕನ್ ಎಂಬ ಮುಕ್ತ ಭಾಷೆಗೆ ತಿರುಗಿಸುವ ಡಿಎಕ್ಸ್‌ವಿಕೆ ಬರೆಯತೊಡಗಿದ. ವಾಲ್ವ್ ಆತನ ಬೆನ್ನಿಗೆ ನಿಂತಿತು. ವೈನ್, ಡಿಎಕ್ಸ್‌ವಿಕೆ ಮತ್ತಿತರ ತುಣುಕುಗಳನ್ನು ಒಟ್ಟು ಕಟ್ಟಿ 2018ರ ಆಗಸ್ಟಿನಲ್ಲಿ ಪ್ರೋಟಾನ್ ಎಂಬ ಹೆಸರಿನಲ್ಲಿ ಕೊಟ್ಟಿತು. ಯಾರದೋ ಒಂದು ಆಟದ ಚಪಲ ಇಷ್ಟು ದೂರ ಬಂದದ್ದು ನನಗೆ ಈ ಕಥೆಯಲ್ಲೇ ಅತ್ಯಂತ ಇಷ್ಟವಾದ ಭಾಗ.

ದುಭಾಷಿಯ ಕೆಲಸ ಎಷ್ಟು ಸೂಕ್ಷ್ಮ ಎಂಬುದಕ್ಕೆ ಇನ್ನೊಂದು ಉದಾಹರಣೆ. ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿಗೆ ಹೋಗಬೇಕಾದವನು ನಿಂತಿದ್ದಾನೆ. ಹಾವೇರಿಯ ಮೇಲೆ ಹೋಗುವ ಯಾವ ಬಸ್ಸು ಮೊದಲು ಬಂದರೂ ಹತ್ತುತ್ತಾನೆ. ವಿಂಡೋಸಿನ ಆಟಗಳು ಕಾಯುವುದು ಹೀಗೆ, ಹಲವು ಸಂಗತಿಗಳಲ್ಲಿ ಯಾವುದು ಮೊದಲು ಒದಗಿದರೂ ಸರಿ ಎಂದು. ಲಿನಕ್ಸ್ ತಿರುಳಿನಲ್ಲಿ ಇದಕ್ಕಿದ್ದ ಹಗುರವಾದ ಏರ್ಪಾಟಿನಲ್ಲಿ ಒಂದು ಸಲಕ್ಕೆ ಒಂದೇ ಬಸ್ಸಿಗೆ ಕಾಯಬಹುದಿತ್ತು. ಸುತ್ತುಬಳಸಿನ ಉಪಾಯಗಳಿದ್ದವು, ಅವಕ್ಕೆ ಸಮಯ ಖರ್ಚಾಗುತ್ತಿತ್ತು. ಕೊಲಾಬೊರಾ ಸಂಸ್ಥೆಯ ತಂತ್ರಜ್ಞರು ಪಟ್ಟುಹಿಡಿದು ಬರೆದ ಹೊಸ ವಿಧಾನ 2022ರ ಜನವರಿಯ 5.16ನೇ ಆವೃತ್ತಿಯಲ್ಲಿ ತಿರುಳಿಗೆ ಸೇರಿತು. ಮರುತಿಂಗಳೇ ಡೆಕ್ ಮಾರಾಟಕ್ಕೆ ಬಂತು.

ಬಳಸುವವರಿಗೆ ಇದೊಂದೂ ಕಾಣುವುದಿಲ್ಲ. ಅವರಿಗೆ ಕಾಣುವುದು, ಗುಂಡಿ ಒತ್ತಿದರೆ ಆಟ ನಿದ್ದೆಗೆ ಜಾರುತ್ತದೆ, ಮತ್ತೆ ಒತ್ತಿದರೆ ಬಿಟ್ಟ ಜಾಗದಿಂದಲೇ ಏಳುತ್ತದೆ ಎಂಬುದು. ಸಿಸ್ಟಂನ ಮೂಲ ಕಡತಗಳಿಗೆ ಬೀಗ ಹಾಕಿರುತ್ತಾರೆ, ಆಡುವವರು ಅರಿಯದೆ ಕೆಡಿಸುವಂತಿಲ್ಲ. ಇಡೀ ಸಿಸ್ಟಂ ಎರಡು ಪ್ರತಿಗಳಲ್ಲಿ ಇರುತ್ತದೆ. ಒಂದು ಒಲೆಯಲ್ಲಿ ಅನ್ನ ಬೇಯುತ್ತಿರುವಾಗಲೇ ಪಕ್ಕದ ಒಲೆಯನ್ನು ಸಾರಿಸಿ ಸಿದ್ಧಪಡಿಸಿದಂತೆ, ಹೊಸ ಆವೃತ್ತಿಯನ್ನು ಎರಡನೆಯ ಪ್ರತಿಯ ಜಾಗದಲ್ಲಿ ಬರೆಯಲಾಗುತ್ತದೆ. ಅದು ಹೊತ್ತಿಕೊಳ್ಳದಿದ್ದರೆ ಹಳೆಯ ಒಲೆ ಇದ್ದೇ ಇದೆ. ಬೀಗ ಇದೆ ಎಂದೆನಲ್ಲ, ಅದರ ಕೀಲಿ ಕೊಂಡವರ ಬಳಿಯೇ ಇರುತ್ತದೆ. ಒಂದು ಆಜ್ಞೆ ಕೊಟ್ಟರೆ ತೆರೆಯುತ್ತದೆ. ಎಲ್ಲವನ್ನೂ ಅಳಿಸಿ ಬೇರೆ ಸಿಸ್ಟಂ ಹಾಕಿಕೊಂಡರೂ ಕೇಳುವವರಿಲ್ಲ.

ಬೇರೆ ಕಂಪನಿಗಳು ಸುಮ್ಮನಿರಲಿಲ್ಲ. 2023ರಲ್ಲಿ ಏಸುಸ್‌ನ ಆರ್‌ಓಜಿ ಅಲೈ, ಲೆನೊವೊದ ಲೀಜನ್ ಗೋ ಬಂದವು, ಎರಡರಲ್ಲೂ ವಿಂಡೋಸ್. ಮೌಸಿಗೆಂದು ಮಾಡಿದ ಸಣ್ಣ ಗುಂಡಿಗಳನ್ನು ಹೆಬ್ಬೆರಳಿನಿಂದ ಒತ್ತುವ ಕಷ್ಟ ಒತ್ತಿದವರಿಗೇ ಗೊತ್ತು. ಬೇಸತ್ತವರು ಅದನ್ನು ಅಳಿಸಿ ಫೆಡೋರಾ ಎಂಬ ಲಿನಕ್ಸ್ ಆಧಾರದ ಬಜೈಟ್ ಹಾಕಿಕೊಂಡರು, ಕೆಲವರು ಕಿಮೇರಾ ಓಎಸ್ ಹಾಕಿಕೊಂಡರು. ಎರಡೂ ಸಮುದಾಯದವರು ಕಟ್ಟಿದವು. ಕೊನೆಗೆ 2025ರ ಮೇ ತಿಂಗಳಲ್ಲಿ ಲೆನೊವೊ ತಾನೇ ಲೀಜನ್ ಗೋ ಎಸ್ ಯಂತ್ರವನ್ನು ಸ್ಟೀಮ್ ಓಎಸ್‌ನೊಂದಿಗೆ ಮಾರಿತು. ಅದೇ ಯಂತ್ರದಲ್ಲಿ ಎರಡೂ ಸಿಸ್ಟಂಗಳನ್ನು ಹಾಕಿ ಅಳೆದು ನೋಡಿದ ಪರೀಕ್ಷಕರಿಗೆ, ವಿಂಡೋಸಿಗಾಗಿ ಬರೆದ ಹಲವು ಆಟಗಳು ಲಿನಕ್ಸಿನಲ್ಲೇ ಹೆಚ್ಚು ಚುರುಕಾಗಿ ಓಡಿದ್ದು ಕಂಡಿತು. ದುಭಾಷಿಯ ಮೂಲಕ ಕೇಳಿದ ಮಾತು ನೇರವಾಗಿ ಕೇಳಿದ್ದಕ್ಕಿಂತ ಬೇಗ ತಲುಪಿತು ಎಂದರೆ ವಿಚಿತ್ರವೇ ಸರಿ.

ಹಾಗೆಂದು ಎಲ್ಲ ಬಾಗಿಲೂ ತೆರೆದಿಲ್ಲ. ಸ್ಟೀಮ್ ಅಂಗಡಿಯ ತಂತ್ರಾಂಶದ ಆಕರ, ಅಂದರೆ ಅದನ್ನು ಬರೆದ ಮೂಲ ಸಾಲುಗಳು, ಮುಚ್ಚಿದ್ದೇ. ತೆರೆದದ್ದು ಅದರ ಸುತ್ತಲಿನ ಊರು. ಇನ್ನು ಬಹುಜನ ಸೇರಿ ಆಡುವ ಆಟಗಳಲ್ಲಿ ಮೋಸ ತಡೆಯುವ ಕಾವಲು ತಂತ್ರಾಂಶಗಳಿವೆ. ತಿರುಳನ್ನು ಯಾರು ಬೇಕಾದರೂ ತಿದ್ದಿ ಕಟ್ಟಿಕೊಳ್ಳಬಹುದಾದ ಮನೆಯಲ್ಲಿ ಕಾವಲು ಹೇಗೆ ಕಾಯುವುದು ಎಂಬುದು ಕಾವಲುಗಾರನ ತಕರಾರು. 2024ರ ಅಕ್ಟೋಬರಿನಲ್ಲಿ ಏಪೆಕ್ಸ್ ಲೆಜೆಂಡ್ಸ್ ಆಟ ಇದೇ ಕಾರಣ ಹೇಳಿ ಲಿನಕ್ಸ್ ಬಳಸುವವರಿಗೆ ಬಾಗಿಲು ಹಾಕಿತು. ತಕರಾರಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಅಲ್ಲಿಯವರೆಗೂ ನ್ಯಾಯವಾಗಿಯೇ ಆಡಿದವರೂ ಕಳ್ಳರ ಜೊತೆ ಬೀದಿಗೆ ಬಿದ್ದರು.

ಡೆಕ್‌ನಿಂದಲೇ ಇದೆಲ್ಲ ಶುರುವಾಯಿತು ಎನ್ನುವವರಿಗೆ ಒಂದು ಮಾತು. ದಕ್ಷಿಣ ಕೊರಿಯಾದ ಜಿಪಿ2ಎಕ್ಸ್ ಎಂಬ ಅಂಗೈ ಯಂತ್ರ 2005ರಲ್ಲೇ ಲಿನಕ್ಸ್ ಓಡಿಸುತ್ತಿತ್ತು, ಅದೂ ಎರಡು ಪೆನ್ಸಿಲ್ ಸೆಲ್ಲುಗಳಲ್ಲಿ. ಅದನ್ನು ಮೆಚ್ಚಿದವರೇ ಸೇರಿ ಪಂಡೋರಾ ಎಂಬ ಕೀಲಿಮಣೆಯ ಯಂತ್ರ ಮಾಡಹೊರಟರು. 2008ರಲ್ಲಿ ಮುಂಗಡ ಪಡೆದದ್ದು ಜನರ ಕೈಸೇರಲು 2010 ಆಯಿತು. ಕಾದವರ ತಾಳ್ಮೆ ದೊಡ್ಡದು. ಈಗ ಚೀನಾದಿಂದ ಬರುವ ಅಗ್ಗದ ಹಳೆಯಾಟದ ಪೆಟ್ಟಿಗೆಗಳ ಒಳಗೂ ಬಹಳಷ್ಟು ಬಾರಿ ಲಿನಕ್ಸೇ ಇರುತ್ತದೆ. ತಯಾರಕರು ಮಾರಿ ಕೈತೊಳೆದುಕೊಂಡ ಮೇಲೆ ಅವನ್ನು ಸಾಕುವವರು ಸ್ವಯಂಸೇವಕರು. ಜೆಲೋಸ್ ಎಂಬ ಇಂಥ ಸಿಸ್ಟಂ 2024ರಲ್ಲಿ ನಿಂತುಹೋಯಿತು. ಆಕರ ಮುಕ್ತವಾಗಿದ್ದರಿಂದ ಅದೇ ಬೇರಿನಿಂದ ರಾಕ್‌ನಿಕ್ಸ್ ಚಿಗುರಿ ಬೆಳೆಯುತ್ತಿದೆ.

ಅಂಥದ್ದೊಂದು ಪೆಟ್ಟಿಗೆ ನನ್ನ ತಂಗಿಯ ಮಗನ ಬಳಿ ಇದೆ. ಕಳೆದ ದೀಪಾವಳಿಗೆ ಊರಿಗೆ ಬಂದಾಗ ಅದು ಕಪ್ಪು ಪರದೆ ಬಿಟ್ಟು ಬೇರೇನನ್ನೂ ತೋರಿಸುತ್ತಿರಲಿಲ್ಲ. ಜೊತೆಗೆ ಬಂದಿದ್ದ ಮೆಮೊರಿ ಕಾರ್ಡು ಕಳಪೆಯದು, ಸತ್ತಿತ್ತು. ಹೊಸ ಕಾರ್ಡು ತಂದು, ಸಮುದಾಯದವರು ಮಾಡಿದ ಸಿಸ್ಟಂ ಒಂದನ್ನು ಇಳಿಸಿಕೊಂಡು ಬರೆದೆವು. ಪೆಟ್ಟಿಗೆ ಎದ್ದು ಕುಳಿತಿತು. ಹವ್ಯಾಸಿಗಳು ಉಚಿತವಾಗಿ ಹಂಚುವ ಹತ್ತಾರು ಆಟಗಳನ್ನು ಮನೆಯ ವೈಫೈ ಮೂಲಕ ಅದಕ್ಕೆ ದಾಟಿಸಿದೆವು. ಎಲ್ಲ ಓಡಿದವು, ಆದರೆ ಎರಡು ಆಟಗಳ ಮುಖಚಿತ್ರ ಮಾತ್ರ ಬರಲಿಲ್ಲ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಪಟ್ಟಿಯಲ್ಲಿ ಹೆಸರು ದೊಡ್ಡಕ್ಷರದಲ್ಲಿತ್ತು, ಚಿತ್ರದ ಕಡತದ ಹೆಸರು ಸಣ್ಣಕ್ಷರದಲ್ಲಿ.

“ಮಾವ, ಹೆಸರನ್ನು ಕನ್ನಡದಲ್ಲಿ ಬರೆದುಬಿಟ್ಟರೆ ಈ ರಗಳೆಯೇ ಇರುವುದಿಲ್ಲವಲ್ಲ?” ಎಂದ.

ಸರಿಯೆನಿಸಿತು. ಪಟ್ಟಿಯಲ್ಲೂ ಕಡತಕ್ಕೂ ಕನ್ನಡದಲ್ಲೇ ಹೆಸರಿಟ್ಟೆವು. ಚಿತ್ರ ಬಂತು. ಅದರ ಕೆಳಗೆ ಹೆಸರಿರಬೇಕಾದ ಜಾಗದಲ್ಲಿ ಸಾಲಾಗಿ ನಾಲ್ಕು ಖಾಲಿ ಚೌಕಗಳು ಕುಳಿತಿದ್ದವು. ಅದರಲ್ಲಿ ಕನ್ನಡದ ಅಕ್ಷರಶೈಲಿ ಯಾರೂ ಹಾಕಿರಲಿಲ್ಲ. ರಜೆ ಮುಗಿಸಿ ಹಾಸ್ಟೆಲಿಗೆ ಮರಳಿದ ಹುಡುಗ ಆ ಸಿಸ್ಟಂನ ಆಕರವನ್ನು ಇಳಿಸಿಕೊಂಡು, ಅಕ್ಷರಶೈಲಿಯ ಕಡತ ಎಲ್ಲಿದೆ ಎಂದು ಹುಡುಕುತ್ತಿದ್ದಾನಂತೆ. ಪರೀಕ್ಷೆ ಹತ್ತಿರ ಬಂತು, ಓದು ಎಂದು ನನ್ನ ತಂಗಿ ಫೋನಿನಲ್ಲಿ ಗದರುತ್ತಿದ್ದಾಳೆ.

ನಮಸ್ಕಾರ.